ಏಳನೆಯವರನ್ನು ತಲುಪದ ಪ್ರಶ್ನೆ

ಬಳಕೆದಾರರ ಒಪ್ಪಿಗೆ ಪರೀಕ್ಷೆ, ಅಂದರೆ ನಾವು ಯುಎಟಿ ಎಂದು ಕರೆಯುವ ಹಂತ, ಆರಂಭವಾದ ಮೊದಲ ದಿನವೇ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ಕ್ಲೈಂಟ್ ಕಂಪನಿಯ ಉಗ್ರಾಣದಲ್ಲಿ ವಾಪಸಾತಿ ವಿಭಾಗವನ್ನು ನೋಡಿಕೊಳ್ಳುವ ಮಹಿಳೆಯೊಬ್ಬರು ಪರದೆಯಿಂದ ಮುಖ ಎತ್ತಿ, "ಒಡೆದ ಮಾಲು ಕಳಿಸಿದ್ದು ನಾವು, ದಂಡ ಕಟ್ಟಬೇಕಾದವರು ಅವರೇ?" ಎಂದು ಕೇಳಿದರು. ಕೋಣೆಯಲ್ಲಿದ್ದ ಎಂಟು ಮಂದಿಯಲ್ಲಿ ಯಾರಿಗೂ ತಕ್ಷಣ ಉತ್ತರ ಹೊಳೆಯಲಿಲ್ಲ. ಸಾಫ್ಟ್‌ವೇರ್ ಕಟ್ಟಿದ ವೆಂಡರ್ ಕಡೆಯ ಡೆಲಿವರಿ ಮ್ಯಾನೇಜರ್ ಆಗಿ ಉತ್ತರ ಕೊಡಬೇಕಾಗಿದ್ದವನು ನಾನು. ಹತ್ತು ತಿಂಗಳಿಂದ ನಮ್ಮ ಹದಿನೆಂಟು ಮಂದಿ ಮತ್ತು ಅವರ ಆರು ಮಂದಿ ಸೇರಿ ಮಾಡಿದ ಕೆಲಸ ಅಂದು ಮೊದಲ ಬಾರಿಗೆ, ಅದನ್ನು ನಿತ್ಯ ಬಳಸಬೇಕಾದವರ ಕೈಗೆ ಬಂದಿತ್ತು.

ಅವರು ಕಂಡುಹಿಡಿದ ತಪ್ಪನ್ನು ವಿವರಿಸುವುದು ಕಷ್ಟವಲ್ಲ. ಒಂದೇ ಆರ್ಡರ್‌ನಲ್ಲಿ ಹತ್ತು ಅಥವಾ ಅದಕ್ಕಿಂತ ಹೆಚ್ಚು ಪೆಟ್ಟಿಗೆ ಕೊಂಡವರಿಗೆ ರಿಯಾಯಿತಿ ಉಂಟು. ಕೊಂಡವರು ನಾಲ್ಕು ಪೆಟ್ಟಿಗೆಗಳನ್ನು ಬೇಡವೆಂದು ಹಿಂದಿರುಗಿಸಿದರೆ ಉಳಿಯುವುದು ಆರು. ಆಗ ರಿಯಾಯಿತಿ ರದ್ದಾಗಿ ಲೆಕ್ಕ ಹೊಸದಾಗಿ ನಡೆಯಬೇಕು. ಆದರೆ ಆ ನಾಲ್ಕು ಪೆಟ್ಟಿಗೆಗಳು ಸಾಗಣೆಯಲ್ಲಿ ಒಡೆದುಹೋದ ಕಾರಣಕ್ಕೆ ಹಿಂದೆ ಬಂದಿದ್ದರೆ ಅದು ಕೊಂಡವರ ತಪ್ಪಲ್ಲವಾದ್ದರಿಂದ ರಿಯಾಯಿತಿ ಹಾಗೆಯೇ ಉಳಿಯಬೇಕು. ನಮ್ಮ ಸಾಫ್ಟ್‌ವೇರ್‌ಗೆ ಈ ಎರಡರ ನಡುವಿನ ವ್ಯತ್ಯಾಸವೇ ತಿಳಿದಿರಲಿಲ್ಲ. ಅವರು ಒಡೆದ ಮಾಲಿನ ಮೂರು ಉದಾಹರಣೆಗಳನ್ನು ನಮೂದಿಸಿದರು. ಮೂರರಲ್ಲೂ ಕ್ರೆಡಿಟ್ ನೋಟ್, ಅಂದರೆ ಕೊಂಡವರಿಗೆ ಹಿಂದಿರುಗಿಸಬೇಕಾದ ಹಣದ ಚೀಟಿ, ಕಡಿಮೆ ಮೊತ್ತಕ್ಕೆ ತಯಾರಾಯಿತು.

ಆ ಭಾಗವನ್ನು ಬರೆದ ಡೆವಲಪರ್ ಅವಸರದಲ್ಲಿ ಏನನ್ನೋ ಬಿಟ್ಟಿದ್ದಾನೆ ಎಂದೇ ನಾನು ಮೊದಲು ಭಾವಿಸಿದೆ. ಮಧ್ಯಾಹ್ನ ಅವನಿಗೆ ಕರೆ ಮಾಡಿ ವಿಷಯ ಹೇಳಿದಾಗ, ಅವನು ಸಮರ್ಥನೆಗೆ ಇಳಿಯದೆ ನಾಲ್ಕು ತಿಂಗಳ ಹಿಂದಿನ ತನ್ನದೇ ಒಂದು ಇಮೇಲ್ ಅನ್ನು ನನಗೆ ಕಳಿಸಿದ. ಹತ್ತು ಸಾಲಿನ ಆ ಪತ್ರದಲ್ಲಿ ಅವನು ಎರಡೂ ಸಂದರ್ಭಗಳನ್ನು ಬೇರೆಬೇರೆಯಾಗಿ ಬರೆದು, ಒಡೆದ ಮಾಲಿಗೂ ಇದೇ ನಿಯಮವೇ ಎಂದು ಕೇಳಿದ್ದ. ಅಂದರೆ ಆ ಮಹಿಳೆ ಕೇಳಿದ ಪ್ರಶ್ನೆಯನ್ನೇ ಅವನು ಅವರಿಗಿಂತ ನಾಲ್ಕು ತಿಂಗಳು ಮೊದಲು ಕೇಳಿದ್ದ. ಆ ಪತ್ರವನ್ನು ಓದುತ್ತಾ ನನಗಾದ ನಾಚಿಕೆಯನ್ನು ಇಂದಿಗೂ ಮರೆತಿಲ್ಲ, ಏಕೆಂದರೆ ಅದು ಮುಂದೆ ಸಾಗಿದ ದಾರಿಯಲ್ಲಿ ನಾನೂ ಇದ್ದೆ.

ಆ ದಾರಿಯನ್ನು ಹಳೆಯ ಇಮೇಲ್‌ಗಳಿಂದ ನಾನು ಒಂದೊಂದೇ ಹೆಜ್ಜೆಯಾಗಿ ಹುಡುಕಿ ತೆಗೆದೆ. ಡೆವಲಪರ್ ಬರೆದ ಹತ್ತು ಸಾಲನ್ನು ನಮ್ಮ ಟೀಮ್ ಲೀಡ್ ನಾಲ್ಕು ಸಾಲಿಗೆ ಇಳಿಸಿ, ಆ ವಾರದ ಉಳಿದ ಹದಿಮೂರು ಪ್ರಶ್ನೆಗಳ ಜೊತೆ ಒಂದು ಪಟ್ಟಿಗೆ ಸೇರಿಸಿದ್ದರು. ನಾನು ಆ ಪಟ್ಟಿಯನ್ನು ಕ್ಲೈಂಟ್‌ಗೆ ಕಳಿಸುವ ಮೊದಲು, ಓದುವವರಿಗೆ ಸುಲಭವಾಗಲೆಂದು, ಪ್ರತಿ ಪ್ರಶ್ನೆಯನ್ನೂ ಒಂದು ಸಾಲಿಗೆ ತಂದಿದ್ದೆ: "ಆರ್ಡರ್‌ನ ಒಂದು ಭಾಗ ವಾಪಸ್ ಬಂದರೆ ರಿಯಾಯಿತಿಯನ್ನು ಮತ್ತೆ ಲೆಕ್ಕ ಹಾಕಬೇಕೇ?" ಒಡೆದ ಮಾಲು ಎಂಬ ಮಾತು ಕಳೆದುಹೋದದ್ದು ನನ್ನ ಕೈಯಲ್ಲಿ. ಅಲ್ಲಿಂದ ಪಟ್ಟಿ ಅವರ ಪ್ರಾಜೆಕ್ಟ್ ಮ್ಯಾನೇಜರ್‌ಗೆ ಹೋಯಿತು, ಅವರಿಂದ ವ್ಯವಹಾರದ ಅಗತ್ಯಗಳನ್ನು ಬರೆದಿಡುವ ಬಿಸಿನೆಸ್ ಅನಲಿಸ್ಟ್‌ಗೆ, ಅನಲಿಸ್ಟ್‌ನಿಂದ ಉಗ್ರಾಣದ ವ್ಯವಸ್ಥಾಪಕರಿಗೆ. ಹನ್ನೊಂದು ದಿನಗಳ ನಂತರ ಅದೇ ದಾರಿಯಲ್ಲಿ ಹಿಂದಿರುಗಿದ ಉತ್ತರ ಒಂದೇ ಪದದ್ದು: "ಹೌದು." ಕೇಳಿದ ಪ್ರಶ್ನೆಗೆ ಅದು ಸರಿಯಾದ ಉತ್ತರವೇ ಆಗಿತ್ತು. ಪ್ರಶ್ನೆ ಆರು ಮಂದಿಯ ಕೈ ದಾಟಿತ್ತು. ದಿನವೂ ವಾಪಸಾದ ಮಾಲನ್ನು ಬಿಚ್ಚಿ ನೋಡುವ ಏಳನೆಯವರನ್ನು ಮಾತ್ರ ಅದು ತಲುಪಿರಲಿಲ್ಲ.

ಸಂಜೆ ನಾನೂ ಅವರ ಪ್ರಾಜೆಕ್ಟ್ ಮ್ಯಾನೇಜರೂ ಬಿಳಿ ಹಲಗೆಯ ಮೇಲೆ ಈ ದಾರಿಯನ್ನು ಬರೆದು ಬಹಳ ಹೊತ್ತು ನೋಡುತ್ತಾ ನಿಂತೆವು. ಯಾರೂ ಸುಳ್ಳು ಹೇಳಿರಲಿಲ್ಲ, ಸೋಮಾರಿತನ ಮಾಡಿರಲಿಲ್ಲ. ಎಲ್ಲರೂ ಒಪ್ಪಂದದಲ್ಲಿದ್ದಂತೆಯೇ ನಡೆದಿದ್ದೆವು. ಎರಡೂ ಕಡೆಯ ಎಲ್ಲಾ ಮಾತುಕತೆ ಒಬ್ಬೊಬ್ಬ ನಿಯೋಜಿತ ವ್ಯಕ್ತಿಯ ಮೂಲಕವೇ ನಡೆಯತಕ್ಕದ್ದು ಎಂಬ ಆ ಷರತ್ತನ್ನು ಬರೆದವನೂ ನಾನೇ. ಅದಕ್ಕೆ ನನ್ನ ಬಳಿ ಕಾರಣಗಳಿದ್ದವು, ಅವು ಪೊಳ್ಳು ಕಾರಣಗಳಾಗಿರಲಿಲ್ಲ. ಹಿಂದಿನ ಒಂದು ಪ್ರಾಜೆಕ್ಟ್‌ನಲ್ಲಿ ಕ್ಲೈಂಟ್ ಕಡೆಯ ಐದು ಮಂದಿ ಐದು ಬಗೆಯ ಸೂಚನೆಗಳನ್ನು ನೇರವಾಗಿ ಡೆವಲಪರ್‌ಗಳಿಗೆ ಕೊಟ್ಟು, ಕೊನೆಗೆ ಯಾವುದಕ್ಕೆ ಯಾರು ಒಪ್ಪಿಗೆ ಕೊಟ್ಟಿದ್ದರೆಂದು ಹೇಳಲು ದಾಖಲೆಯೇ ಇಲ್ಲದೆ, ಹೆಚ್ಚಿನ ಕೆಲಸದ ಹಣಕ್ಕಾಗಿ ತಿಂಗಳುಗಟ್ಟಲೆ ವಾದ ನಡೆದಿತ್ತು. ಆ ಪೆಟ್ಟಿನಿಂದ ಕಲಿತ ಪಾಠವನ್ನು ನಾನು ಎಲ್ಲಾ ಬಗೆಯ ಮಾತಿಗೂ ಹಚ್ಚಿಬಿಟ್ಟಿದ್ದೆ.

ಲೆಕ್ಕವೂ ನನ್ನ ಪರವಾಗಿಯೇ ಇದೆಯೆಂದು ನಂಬಿದ್ದೆ. ಕಂಪ್ಯೂಟರ್ ವಿಜ್ಞಾನಿ ಫ್ರೆಡ್ ಬ್ರೂಕ್ಸ್ 1975ರಲ್ಲಿ ಎತ್ತಿ ತೋರಿಸಿದಂತೆ, ಎಲ್ಲರೂ ಎಲ್ಲರೊಡನೆ ಮಾತನಾಡಬೇಕಾದ ತಂಡದಲ್ಲಿ ಜನರ ಸಂಖ್ಯೆ ಏರಿದಂತೆ ಮಾತಿನ ದಾರಿಗಳು ಅದಕ್ಕಿಂತ ಬಹಳ ವೇಗವಾಗಿ ಹೆಚ್ಚುತ್ತವೆ: ಆರು ಮಂದಿಗೆ 15 ಜೋಡಿಗಳಾದರೆ, ಇಪ್ಪತ್ತನಾಲ್ಕು ಮಂದಿಗೆ 276. ಈ ಸಂಖ್ಯೆಯನ್ನು ನೋಡಿ ಹೆದರಿಯೇ ಎಲ್ಲವನ್ನೂ ಒಂದು ಕೊಳವೆಯೊಳಗೆ ತುರುಕಿದ್ದೆ. ಆದರೆ ಅದೇ ಇಪ್ಪತ್ತನಾಲ್ಕು ಮಂದಿಯನ್ನು ಎಂಟೆಂಟರ ಮೂರು ಗುಂಪುಗಳಾಗಿ ಮಾಡಿದರೆ ಒಂದು ಗುಂಪಿಗೆ 28, ಮೂರಕ್ಕೂ ಸೇರಿ 84 ಜೋಡಿಗಳು ಮಾತ್ರ. ಇದನ್ನು ಅಂದು ಸಂಜೆ ಹಲಗೆಯ ಮೂಲೆಯಲ್ಲಿ ಬರೆದವರು ಅವರ ಪ್ರಾಜೆಕ್ಟ್ ಮ್ಯಾನೇಜರ್. ಗುಂಪನ್ನು ಒಡೆಯಬೇಕಾದ ಜಾಗದಲ್ಲಿ ನಾನು ಬಾಯಿಯನ್ನು ಕಟ್ಟಿದ್ದೆ.

ಇನ್ನೂ ಒಂದು ಸಂಗತಿ ಅಂದೇ ಗೊತ್ತಾಯಿತು, ನನ್ನನ್ನು ಹೆಚ್ಚು ಕಾಡಿದ್ದು ಅದೇ. ಒಂದು ಸಂಸ್ಥೆ ರೂಪಿಸುವ ವ್ಯವಸ್ಥೆಯು ಆ ಸಂಸ್ಥೆಯೊಳಗಿನ ಮಾತುಕತೆಯ ರಚನೆಯನ್ನೇ ಹೋಲುತ್ತದೆ ಎಂದು ಕಂಪ್ಯೂಟರ್ ವಿಜ್ಞಾನಿ ಮೆಲ್ವಿನ್ ಕಾನ್ವೇ 1968ರಲ್ಲಿ ಬರೆದಿದ್ದರು. ಅದನ್ನು ನಾನು ಎಷ್ಟೋ ಸಭೆಗಳಲ್ಲಿ ಉಲ್ಲೇಖಿಸಿದ್ದೆ. ನಮ್ಮದೇ ಕೋಡ್‌ನಲ್ಲಿ ಹುಡುಕಿರಲಿಲ್ಲ. ವಾಪಸಾತಿಯ ವಿವರಗಳು ಕ್ಲೈಂಟ್‌ನ ಹಳೆಯ ಲೆಕ್ಕಪತ್ರ ವ್ಯವಸ್ಥೆಗೆ ಹೋಗುವ ಜಾಗದಲ್ಲಿ ಒಂದು ಬದಿಯನ್ನು ನಾವು, ಇನ್ನೊಂದು ಬದಿಯನ್ನು ಅವರ ಒಳಗಿನ ತಂಡ ಬರೆದಿತ್ತು. ಎರಡೂ ತಂಡಗಳು ಪರಸ್ಪರ ಒಮ್ಮೆಯೂ ನೇರವಾಗಿ ಮಾತನಾಡಿರದ ಕಾರಣ, ಇನ್ನೊಬ್ಬರು ಏನನ್ನು ಪರಿಶೀಲಿಸುತ್ತಾರೆಂದು ಇಬ್ಬರಿಗೂ ಖಚಿತವಿಲ್ಲದೆ, ಒಂದೇ ಮಾಹಿತಿಯನ್ನು ಎರಡು ಕಡೆಯೂ ಪರಿಶೀಲಿಸುತ್ತಿದ್ದೆವು, ಅದೂ ಬೇರೆಬೇರೆ ನಿಯಮಗಳಿಂದ. ಒಡೆದ ಮಾಲಿಗೆ ಪ್ರತ್ಯೇಕ ಸಂಕೇತವೊಂದು ಅವರ ಬದಿಯಲ್ಲಿ ಮೊದಲಿನಿಂದಲೂ ಇತ್ತು. ನಮ್ಮ ಬದಿ ಅದನ್ನು ಅಪರಿಚಿತ ಸಂಕೇತವೆಂದು ಪರಿಗಣಿಸಿ ಸಾಮಾನ್ಯ ವಾಪಸಾತಿಯಾಗಿ ಬದಲಿಸುತ್ತಿತ್ತು. ಎರಡು ಕಂಪನಿಗಳ ನಡುವಿನ ಗೋಡೆ ಹಾಗೆಯೇ ಕೋಡ್‌ನೊಳಗೆ ಬಂದು ಕೂತಿತ್ತು.

ಯುಎಟಿಯನ್ನು ಮೂರು ವಾರ ಮುಂದೂಡಿ, ನಾವು ತಂಡಗಳನ್ನು ಮತ್ತೆ ಜೋಡಿಸಿದೆವು. ಆರ್ಡರ್, ಉಗ್ರಾಣ, ವಾಪಸಾತಿ ಎಂಬ ಮೂರು ಗುಂಪುಗಳಾದವು, ಪ್ರತಿಯೊಂದರಲ್ಲೂ ಎರಡೂ ಕಡೆಯವರಿದ್ದರು. ನಮ್ಮ ಕಡೆಯ ಪ್ರತಿ ಮುಖ್ಯ ಪಾತ್ರಕ್ಕೂ ಅವರ ಕಡೆ ಒಬ್ಬ ಸಮಾನ ಜೊತೆಗಾರ ಇರಬೇಕು, ಅವರಿಬ್ಬರೂ ಯಾರನ್ನೂ ಕೇಳದೆ ಪರಸ್ಪರ ಮಾತನಾಡಬಹುದು ಎಂದು ನಿರ್ಧರಿಸಿದೆವು. ಸಾಫ್ಟ್‌ವೇರ್‌ನ ಒಟ್ಟು ರಚನೆಯನ್ನು ರೂಪಿಸುವ ಆರ್ಕಿಟೆಕ್ಟ್‌ಗೆ ಆರ್ಕಿಟೆಕ್ಟ್, ಸರ್ವರ್ ನೋಡಿಕೊಳ್ಳುವವರಿಗೆ ಸರ್ವರ್ ನೋಡಿಕೊಳ್ಳುವವರು ಎಂಬ ಜೋಡಿಗಳು ಸುಲಭವಾಗಿ ಕೂಡಿದವು. ನನಗೆ ಅತ್ಯಂತ ತೃಪ್ತಿ ಕೊಟ್ಟದ್ದು ನಮ್ಮ ಟೆಸ್ಟರ್ ಹಾಗೂ ವಾಪಸಾತಿ ವಿಭಾಗದ ಆ ಮಹಿಳೆಯ ಜೋಡಿ. ಅವರು ಎರಡು ಬೆಳಗಿನ ಹೊತ್ತು ಒಟ್ಟಿಗೆ ಕುಳಿತು, ನಿಜವಾಗಿ ನಡೆದ ವಾಪಸಾತಿಗಳಿಂದಲೇ ನಲವತ್ತಕ್ಕೂ ಹೆಚ್ಚು ಪರೀಕ್ಷಾ ಸಂದರ್ಭಗಳನ್ನು ಬರೆದರು. ಅವುಗಳಲ್ಲಿ ಏಳು ನಮ್ಮ ಅಗತ್ಯಗಳ ದಾಖಲೆಯಲ್ಲಿ ಎಲ್ಲಿಯೂ ಇರಲಿಲ್ಲ.

ಬಿಕ್ಕಟ್ಟು ಎದುರಾದದ್ದು ಪ್ರಾಡಕ್ಟ್ ಓನರ್ ವಿಷಯದಲ್ಲಿ. ಯಾವ ಕೆಲಸ ಮೊದಲು, ಯಾವುದು ನಂತರ, ಯಾವುದು ಬೇಡ ಎಂದು ತೀರ್ಮಾನಿಸುವ ಈ ಹೊಣೆ ಒಬ್ಬ ವ್ಯಕ್ತಿಯದು, ಸಮಿತಿಯದಲ್ಲ ಎಂದು, ಕೆಲಸವನ್ನು ಚಿಕ್ಕ ಚಿಕ್ಕ ಅವಧಿಗಳಲ್ಲಿ ಮಾಡುತ್ತಾ ಸಾಗುವ ಸ್ಕ್ರಮ್ ಪದ್ಧತಿ ಸ್ಪಷ್ಟವಾಗಿ ಹೇಳುತ್ತದೆ. ಕ್ಲೈಂಟ್ ಕಡೆ ಆ ಹೆಸರಿನವರೊಬ್ಬರು ಇದ್ದರೂ ಅವರಿಗೆ ಪೂರ್ಣಾವಧಿಯ ಬೇರೆ ಕೆಲಸವಿತ್ತು. ವಾರಕ್ಕೆ ಒಂದು ಗಂಟೆ ಸಿಗುವುದೂ ಕಷ್ಟ, ಸಿಕ್ಕರೂ ತೀರ್ಮಾನಕ್ಕೆ ಮೇಲಿನವರನ್ನು ಕೇಳಬೇಕಿತ್ತು. ಪ್ರತಿದಿನ ಅರ್ಧ ದಿನದ ಸಮಯ ಮತ್ತು ಸ್ಥಳದಲ್ಲೇ ತೀರ್ಮಾನಿಸುವ ಅಧಿಕಾರ ಅವರಿಗೆ ಬೇಕೆಂದು ನಾನು ಕೇಳಿದಾಗ, ಅವರ ಹಿರಿಯ ಅಧಿಕಾರಿಯೊಬ್ಬರು, "ನಮ್ಮವರ ಸಮಯ ಉಳಿಯಲಿ ಎಂದೇ ಅಲ್ಲವೇ ಕೆಲಸವನ್ನು ನಿಮಗೆ ಕೊಟ್ಟದ್ದು?" ಎಂದರು. ಪ್ರಶ್ನೆ ನ್ಯಾಯವಾದದ್ದೇ. ಕೋಡ್ ಬರೆಯುವ, ಪರೀಕ್ಷಿಸುವ, ನಿರ್ವಹಿಸುವ ಕೆಲಸವನ್ನೆಲ್ಲ ಹೊರಗೆ ಕೊಡಬಹುದು, ಆದರೆ ನಿಮ್ಮ ವ್ಯವಹಾರ ಹೇಗೆ ನಡೆಯಬೇಕೆಂಬ ತೀರ್ಮಾನವನ್ನು ಕೊಡಲಾಗದು, ನೀವು ತೀರ್ಮಾನಿಸದಿದ್ದರೆ ನಮ್ಮ ಡೆವಲಪರ್ ಒಬ್ಬ ನಿಮಗೆ ಗೊತ್ತಾಗದಂತೆ ತೀರ್ಮಾನಿಸುತ್ತಾನೆ ಎಂದು ನಾನು ಉತ್ತರಿಸಿದೆ. ಆ ಒಂದು ಪದದ "ಹೌದು" ಇದ್ದ ಇಮೇಲನ್ನು ಅವರ ಮುಂದಿಟ್ಟೆ. ಅರ್ಧ ದಿನ ಸಿಕ್ಕಿತು.

ನೇರ ಮಾತಿನ ಬಗ್ಗೆ ನನಗಿದ್ದ ಹಳೆಯ ಭಯ ಸುಳ್ಳಾಗಲಿಲ್ಲ ಎಂಬುದನ್ನೂ ಹೇಳಬೇಕು. ಎರಡನೆಯ ವಾರದಲ್ಲೇ ಉಗ್ರಾಣದವರೊಬ್ಬರು ಬಾಯಿಮಾತಿನಲ್ಲಿ ಕೇಳಿದರೆಂದು ನಮ್ಮ ಡೆವಲಪರ್ ಒಬ್ಬ ವರದಿಯೊಂದಕ್ಕೆ ಎರಡು ಹೊಸ ಕಾಲಂಗಳನ್ನು ಸೇರಿಸಿದ. ಕೆಲಸ ಚಿಕ್ಕದು, ಕೇಳಿದವರಿಗೂ ಮಾಡಿದವನಿಗೂ ಸಂತೋಷ. ಆದರೆ ಅದೇ ವರದಿಯನ್ನು ಓದುತ್ತಿದ್ದ ಇನ್ನೊಂದು ಪ್ರೋಗ್ರಾಂ ಮರುದಿನ ಬೆಳಿಗ್ಗೆ ನಿಂತುಹೋಯಿತು. ಹಳೆಯ ಕೊಳವೆಗೆ ಮರಳೋಣವೆಂಬ ಆಸೆ ಆ ದಿನ ನನಗೆ ಬಲವಾಗಿಯೇ ಬಂದಿತ್ತು. ಅದರ ಬದಲು ಮಾತನ್ನೂ ಬದಲಾವಣೆಯನ್ನೂ ಬೇರ್ಪಡಿಸಿದೆವು. ಯಾರು ಯಾರನ್ನು ಬೇಕಾದರೂ ಏನು ಬೇಕಾದರೂ ಕೇಳಬಹುದು, ಆದರೆ ಕೋಡ್‌ನಲ್ಲಿ ಬದಲಾವಣೆ ಆಗಬೇಕಾದರೆ ಅದು ಪ್ರಾಡಕ್ಟ್ ಓನರ್‌ನ ಪಟ್ಟಿಯಲ್ಲಿ ಒಂದು ಸಾಲಾಗಿ ಬಂದಿರಬೇಕು. ಹಣ, ಗಡುವು, ಸ್ಕೋಪ್ (ಒಪ್ಪಿಕೊಂಡ ಕೆಲಸದ ವ್ಯಾಪ್ತಿ) ಮಾತ್ರ ಮೊದಲಿನಂತೆಯೇ ಇಬ್ಬರು ಮ್ಯಾನೇಜರ್‌ಗಳ ನಡುವೆ, ಲಿಖಿತ ಚೇಂಜ್ ರಿಕ್ವೆಸ್ಟ್, ಅಂದರೆ ಬದಲಾವಣೆಯ ಕೋರಿಕೆ, ಮೂಲಕ ನಡೆಯುತ್ತಿದ್ದವು. ಇದರ ಜೊತೆಗೆ ತೀರ್ಮಾನಗಳ ದಾಖಲೆಯೊಂದನ್ನು ಇಟ್ಟೆವು. ಪ್ರತಿ ತೀರ್ಮಾನದ ಪಕ್ಕದಲ್ಲಿ ಉತ್ತರ ಕೊಟ್ಟವರ ಹೆಸರಿನ ಜೊತೆಗೆ, ಮೊದಲು ಕೇಳಿದ ಪ್ರಶ್ನೆಯನ್ನು ಕೇಳಿದವರ ಮಾತಿನಲ್ಲೇ, ಒಂದಕ್ಷರವನ್ನೂ ಕಡಿಮೆ ಮಾಡದೆ ಬರೆಯಬೇಕೆಂಬ ನಿಯಮ ನನ್ನದು.

ಎಲ್ಲವೂ ಸರಿಹೋಯಿತೆಂದು ನಾನು ಹೇಳಲಾರೆ. ಒಂದೇ ಗುಂಪಿನಲ್ಲಿ ಕುಳಿತರೂ ಸಂಬಳ ಕೊಡುವವರು ಇಬ್ಬರು, ವರ್ಷದ ಮೌಲ್ಯಮಾಪನ ಬರೆಯುವವರೂ ಇಬ್ಬರು. ನಮ್ಮ ಕಿರಿಯರಲ್ಲಿ ಕೆಲವರು ಕ್ಲೈಂಟ್‌ನ ಎದುರು "ನನಗೆ ಅರ್ಥವಾಗಲಿಲ್ಲ" ಎಂದು ಹೇಳಲು ಕೊನೆಯವರೆಗೂ ಹಿಂಜರಿದರು. ಆ ಹಿಂಜರಿಕೆಯನ್ನು ಗುಂಪುಗಳ ನಕ್ಷೆ ಬದಲಿಸಿ ಹೋಗಲಾಡಿಸಲು ಆಗಲಿಲ್ಲ. ಹತ್ತು ಸಾಲಿನ ಆ ಪತ್ರ ಬರೆದ ಡೆವಲಪರ್‌ನನ್ನೇ ವಾಪಸಾತಿ ಗುಂಪಿನ ಮುಂದಾಳುವನ್ನಾಗಿ ಮಾಡಿದಾಗ, ಆ ಗುಂಪಿನಲ್ಲಾದರೂ ಪ್ರಶ್ನೆಗಳು ಹೆಚ್ಚಾದದ್ದನ್ನು ಕಂಡೆ.

ಎರಡನೆಯ ಯುಎಟಿಯಲ್ಲಿ ಒಡೆದ ಮಾಲಿನ ಲೆಕ್ಕ ಸರಿಯಾಗಿ ಬಂತು. ಮರು ವರ್ಷ ಅದೇ ಕ್ಲೈಂಟ್ ಜೊತೆ ಮುಂದಿನ ಹಂತದ ಒಪ್ಪಂದ ಬರೆಯುವಾಗ ಹಳೆಯ ಷರತ್ತನ್ನು ತೆಗೆದು, ಆ ಜಾಗದಲ್ಲಿ ಎರಡೂ ಕಡೆಯ ಜೋಡಿಗಳ ಒಂದು ಅನುಬಂಧವನ್ನು ಸೇರಿಸಿದೆ. ಕ್ಲೈಂಟ್ ಕಡೆಯ ಪ್ರತಿ ಪಾತ್ರದ ಮುಂದೆ ವಾರಕ್ಕೆ ಎಷ್ಟು ಗಂಟೆ ಎಂಬುದೂ ಇತ್ತು. 2001ರಲ್ಲಿ ಹದಿನೇಳು ಮಂದಿ ಸೇರಿ, ಸಾಫ್ಟ್‌ವೇರ್ ಕಟ್ಟುವ ಬಗೆಯ ಕುರಿತು ಬರೆದ ಅಜೈಲ್ ಪ್ರಣಾಳಿಕೆಯು ಒಪ್ಪಂದದ ಚೌಕಾಶಿಗಿಂತ ಗ್ರಾಹಕರೊಡನೆಯ ಸಹಯೋಗಕ್ಕೆ ಹೆಚ್ಚು ಬೆಲೆ ಕೊಡುತ್ತದೆ. ಎರಡು ಕಂಪನಿಗಳ ನಡುವಿನ ಕೆಲಸದಲ್ಲಿ ಆ ಸಹಯೋಗದ ಗಂಟೆಗಳನ್ನು ಒಪ್ಪಂದದಲ್ಲೇ ಬರೆಯದಿದ್ದರೆ ಅವು ಸಿಗುವುದಿಲ್ಲ ಎಂಬುದು ನನ್ನ ಅನುಭವ. ಕರಡು ಹಿಂದಿರುಗಿ ಬಂದಾಗ ಅನುಬಂಧದ ಎಲ್ಲಾ ಸಾಲುಗಳಿಗೂ ಒಪ್ಪಿಗೆ ಇತ್ತು, ವಾಪಸಾತಿ ವಿಭಾಗದ ಪ್ರತಿನಿಧಿಯ ಸಾಲು ಮಾತ್ರ ಅನಗತ್ಯವೆಂದು ಹೊಡೆದುಹಾಕಲ್ಪಟ್ಟಿತ್ತು. ಆ ಸಾಲು ಮರಳಿ ಬರುವವರೆಗೆ ಸಹಿ ಹಾಕುವುದು ಬೇಡವೆಂದು ನಾನು ನಮ್ಮ ಹಿರಿಯರನ್ನು ಒಪ್ಪಿಸಿದೆ. ಅದು ಬರಲು ಹತ್ತೊಂಬತ್ತು ದಿನ ಹಿಡಿಯಿತು.