ಹಳೇ ಮೆಷಿನ್ ಇನ್ನೂ ಓಡ್ತಾ ಇರುವಾಗ

ಹೋದ ತಿಂಗಳು ಒಬ್ಬ ಮೇಷ್ಟ್ರು ಅಂಗಡಿಗೆ ಬಂದರು. ಕೈಯಲ್ಲಿ ಬಟ್ಟೆ ಅಂಗಡಿಯ ಚೀಲ, ಚೀಲದೊಳಗೆ ಟವೆಲ್ ಸುತ್ತಿದ ಪಿಎಸ್4, ಅಂದರೆ ಟಿವಿಗೆ ಹಾಕಿ ಆಡೋ ಸೋನಿಯ ಪ್ಲೇಸ್ಟೇಷನ್ 4 ಗೇಮ್ ಮೆಷಿನ್. "ನೋಡಪ್ಪ, ಆನ್ ಮಾಡಿದ್ರೆ ರಾಗಿ ಮಿಲ್ಲಿನ ಥರ ಸದ್ದು. ಅರ್ಧ ಗಂಟೆಗೆ ತಾನಾಗೇ ಆಫ್ ಆಗುತ್ತೆ. ಮಗ ಪಿಎಸ್5 ಕೊಡ್ಸಿ ಅಂತ ಕೂತಿದಾನೆ. ಇದರ ಕಥೆ ಮುಗೀತಾ?" ಅಂತ ಕೇಳಿದರು.

ಅವರ ಎದುರಿಗೇ ಬಿಚ್ಚಿದೆ. ಹಿಂದಿನ ಸ್ಟಾರ್ ಸ್ಕ್ರೂ ತೆಗೆದು ಕವರ್ ಎತ್ತಿದರೆ ಫ್ಯಾನ್ ರೆಕ್ಕೆಗಳೇ ಕಾಣಿಸಲಿಲ್ಲ. ಬೂದು ಬಣ್ಣದ ದೂಳು ಕಂಬಳಿ ತುಂಡಿನ ಹಾಗೆ ಗಟ್ಟಿಯಾಗಿ ಕೂತಿತ್ತು. ಚಿಪ್ಪಿನ ಬಿಸಿ ಎಳೆದುಕೊಳ್ಳೋಕೆ ಹಚ್ಚೋ ಪೇಸ್ಟ್ ಒಣಗಿ, ಡಬ್ಬಿಯ ತಳದಲ್ಲಿ ಉಳಿದ ಸುಣ್ಣದ ಥರ ಪುಡಿಪುಡಿ ಉದುರಿತು. ಮೆಷಿನ್‌ದೇನೂ ತಪ್ಪಿಲ್ಲ. ಅವರ ಮನೆ ಶೆಟ್ಟಿಹಳ್ಳಿ ಕಡೆ, ರೋಡಿಗೇ ಅಂಟಿಕೊಂಡಿದೆ. ಏಳು ವರ್ಷದಿಂದ ಒಂದು ಸಲವೂ ಯಾರೂ ಬಿಚ್ಚಿಲ್ಲ. ಬ್ರಷ್ ಹಾಕಿ, ಬ್ಲೋಯರ್ ಹೊಡೆದು, ಹೊಸ ಪೇಸ್ಟ್ ಹಚ್ಚಿ ಜೋಡಿಸಿದೆ. ಎರಡು ಗಂಟೆ ಆನ್ ಮಾಡಿಟ್ಟೆವು. ಸದ್ದೇ ಇಲ್ಲ. 800 ರೂಪಾಯಿ ಕೊಟ್ಟು, ಮತ್ತೆ ಟವೆಲ್ ಸುತ್ತಿಕೊಂಡು ಹೋದರು.

ಅವತ್ತು ತುಮಕೂರಿನಲ್ಲಿ ಒಂದು ಪಿಎಸ್5 ಮಾರಾಟ ಆಗಲಿಲ್ಲ. ಆಗದೇ ಹೋದ ಈ ವ್ಯಾಪಾರದ ಬಗ್ಗೆಯೇ ನಾನು ಬರೆಯೋಕೆ ಹೊರಟಿರುವುದು.

ಇದು ಶುರುವಾಗಿದ್ದು ನನ್ನ ಅಕ್ಕನ ಮಗನಿಂದ. ಎಂಜಿನಿಯರಿಂಗ್ ಮೂರನೇ ವರ್ಷ, ಸ್ವಿಚ್ ಅನ್ನೋ ಗೇಮ್ ಮೆಷಿನ್ ಮಾಡೋ ನಿಂಟೆಂಡೊ ಕಂಪನಿ ಅಂದರೆ ಪ್ರಾಣ. "ಮಾವ, ಸ್ವಿಚ್ 2 ಮಾರಾಟದಲ್ಲಿ ಹಳೇ ಸ್ವಿಚ್‌ನ ಮೀರಿಸುತ್ತೆ, ಬೇಕಾದ್ರೆ ಬರೆದಿಟ್ಕೊಳ್ಳಿ" ಅಂದ. ಅವನ ಮಾತಿಗೆ ಆಧಾರ ಇಲ್ಲ ಅಂತಲ್ಲ. 2025ರ ಜೂನ್ 5ಕ್ಕೆ ಸ್ವಿಚ್ 2 ಬಂತು. ನಾಲ್ಕೇ ದಿನದಲ್ಲಿ 35 ಲಕ್ಷಕ್ಕೂ ಜಾಸ್ತಿ ಹೋಯಿತು. ನಿಂಟೆಂಡೊದ ಬೇರೆ ಯಾವ ಮೆಷಿನ್ನೂ ಅಷ್ಟು ಬೇಗ ಹೋಗಿರಲಿಲ್ಲ. ಸೆಪ್ಟೆಂಬರ್ ಕೊನೆಗೆ ಒಂದು ಕೋಟಿ ದಾಟಿತ್ತು. ಆದರೆ ಅದು ಮುಟ್ಟಬೇಕಾದ ಗುರಿ ನೋಡಿ. 2017ರ ಮಾರ್ಚ್‌ನಲ್ಲಿ ಬಂದ ಹಳೇ ಸ್ವಿಚ್ 15 ಕೋಟಿ ದಾಟಿಬಿಟ್ಟಿದೆ.

ಆಗಲ್ಲ ಅಂತ ನಾನಂದೆ. ಯಾಕೆ ಅಂತ ಅವನು ಕೇಳಿದ. ಊಟದ ಹೊತ್ತಿನಲ್ಲಿ ಸರಿಯಾಗಿ ಹೇಳೋಕೆ ಆಗಲಿಲ್ಲ. ಆಮೇಲೆ ಕೂತು ಅಂಗಡಿಯ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದುಕೊಂಡೆ.

ಮೊದಲು, ಯಾವ ಯಾವ ಮೆಷಿನ್ 10 ಕೋಟಿ ದಾಟಿದೆ ಅಂತ ನೋಡಿದೆ. ಗೇಮ್ ಬಾಯ್, ಮೊದಲನೇ ಪ್ಲೇಸ್ಟೇಷನ್, ಪಿಎಸ್2, ಡಿಎಸ್, ವೀ, ಪಿಎಸ್4, ಸ್ವಿಚ್. ಅಷ್ಟೇ, ಏಳು. ಪ್ಲೇಸ್ಟೇಷನ್ ಎಲ್ಲ ಸೋನಿಯದು, ಉಳಿದದ್ದು ನಿಂಟೆಂಡೊದ್ದು. ಇದರಲ್ಲಿ ಪಿಎಸ್4 ಮತ್ತೆ ಸ್ವಿಚ್‌ನ ಮಕ್ಕಳು, ಅಂದರೆ ಅವುಗಳ ನಂತರ ಬಂದ ಪಿಎಸ್5 ಮತ್ತೆ ಸ್ವಿಚ್ 2, ಇನ್ನೂ ಮಾರಾಟದಲ್ಲಿವೆ, ತೀರ್ಪು ಬಂದಿಲ್ಲ. ಉಳಿದ ಐದರ ಕಥೆ ಮುಗಿದಿದೆ. ಗೇಮ್ ಬಾಯ್ ಸುಮಾರು 11 ಕೋಟಿ 87 ಲಕ್ಷ, ಅದರ ನಂತರದ ಗೇಮ್ ಬಾಯ್ ಅಡ್ವಾನ್ಸ್ 8 ಕೋಟಿ 15 ಲಕ್ಷ. ಡಿಎಸ್ 15 ಕೋಟಿ 40 ಲಕ್ಷ, ನಂತರದ 3ಡಿಎಸ್ ಅದರ ಅರ್ಧವೂ ಇಲ್ಲ, 7 ಕೋಟಿ 59 ಲಕ್ಷ. ವೀ 10 ಕೋಟಿ 16 ಲಕ್ಷ, ನಂತರದ ವೀ ಯು ಬರೀ 1 ಕೋಟಿ 35 ಲಕ್ಷ. ಪಿಎಸ್2 ಸುಮಾರು 16 ಕೋಟಿ, ಪಿಎಸ್3 8 ಕೋಟಿ 74 ಲಕ್ಷ.

ಅಪ್ಪನನ್ನು ಮೀರಿಸಿದ ಮಗ ಒಬ್ಬನೇ, ಪಿಎಸ್2. ಮೊದಲನೇ ಪ್ಲೇಸ್ಟೇಷನ್ 10 ಕೋಟಿ 24 ಲಕ್ಷ ಹೋಗಿತ್ತು, ಪಿಎಸ್2 ಅದಕ್ಕಿಂತ ಸುಮಾರು ಆರು ಕೋಟಿ ಜಾಸ್ತಿ ಹೋಯಿತು.

ಆ ಒಂದು ಯಾಕೆ ಗೆದ್ದಿತು ಅನ್ನೋದು ನನಗೆ ಪುಸ್ತಕ ಓದಿ ಗೊತ್ತಾಗಿದ್ದಲ್ಲ. 2005ರಿಂದ 2013ರವರೆಗೆ ಎಸ್‌ಐಟಿ ಕಾಲೇಜಿನ ಹತ್ತಿರ ನಾನೊಂದು ಗೇಮ್ ಪಾರ್ಲರ್ ನಡೆಸಿದೆ. ಹತ್ತು ಅಡಿ ಅಗಲದ ಮಳಿಗೆ. ಆರು ಟಿವಿ, ಆರು ಪಿಎಸ್2, ಗಂಟೆಗೆ 20 ರೂಪಾಯಿ. ಬೆಂಚಿನ ಮೇಲೆ ಹುಡುಗರು ಬಸ್ಸಿನಲ್ಲಿ ಕೂತ ಹಾಗೆ ಒತ್ತಿಕೊಂಡು ಕೂರುತ್ತಿದ್ದರು. ಜಾಸ್ತಿ ಆಡ್ತಾ ಇದ್ದದ್ದು ಕುಸ್ತಿ ಗೇಮು, ಕ್ರಿಕೆಟ್ 07, ಆಮೇಲೆ ಸ್ಯಾನ್ ಆಂಡ್ರಿಯಾಸ್. ಸ್ಯಾನ್ ಆಂಡ್ರಿಯಾಸ್ ಒಂದು ದಿನಕ್ಕೆ ಮುಗಿಯೋ ಆಟ ಅಲ್ಲ. ಅದಕ್ಕೆ ಹುಡುಗರು ಅವರವರದೇ ಮೆಮರಿ ಕಾರ್ಡ್ ಇಟ್ಟುಕೊಂಡಿದ್ದರು. 8 ಎಂಬಿ, ಬೆಂಕಿಪೊಟ್ಟಣಕ್ಕಿಂತ ತೆಳ್ಳಗೆ. ಜಾಮಿಟ್ರಿ ಬಾಕ್ಸಿನಲ್ಲಿ ಕಂಪಾಸಿನ ಪಕ್ಕ ಇಟ್ಟುಕೊಂಡು ಬರ್ತಾ ಇದ್ದರು. ಮೇಲೆ ಬಿಳಿ ಪೇಂಟಿನಲ್ಲಿ ಹೆಸರಿನ ಮೊದಲನೇ ಅಕ್ಷರ. ಎರಡು ವರ್ಷದ ಆಟ ಅದರೊಳಗೆ ಇರುತ್ತಿತ್ತು.

ಆ ಎಂಟು ವರ್ಷದಲ್ಲಿ ಪಿಎಸ್2 ಬದಲಾಗಿದ್ದನ್ನು ನಾನು ಟೇಬಲ್ ಮೇಲೆ ಬಿಚ್ಚಿಟ್ಟು ನೋಡಿದ್ದೇನೆ. ಮೊದಲು ತಂದಿದ್ದು ದಪ್ಪ ಪಿಎಸ್2, ಸೆಕೆಂಡ್ ಹ್ಯಾಂಡ್. ಒಳಗೇ ಪವರ್ ಸಪ್ಲೈ, ಹಿಂದೆ ದೊಡ್ಡ ಫ್ಯಾನ್, ಮುಂದೆ ಡಿಸ್ಕ್ ಟ್ರೇ ಹೊರಗೆ ಬರೋಕೆ ಮೋಟಾರು, ಹಲ್ಲುಚಕ್ರ, ಬೆಲ್ಟು. ಬಿಚ್ಚಿ ಹರಡಿದರೆ ಟೇಬಲ್ ತುಂಬ. ಆಮೇಲೆ ಸ್ಲಿಮ್ ತಂದೆ. ಅದು 2004ರಲ್ಲಿ ಬಂದ ಮಾಡೆಲ್. ಟ್ರೇ ಇಲ್ಲ, ಟಿಫಿನ್ ಬಾಕ್ಸಿನ ಥರ ಮುಚ್ಚಳ ಎತ್ತಿ ಡಿಸ್ಕ್ ಇಡೋದು. ಪವರ್ ಸಪ್ಲೈ ಹೊರಗೆ ವೈರಿಗೆ ಹೋಗಿತ್ತು. ತೂಕ ಅರ್ಧಕ್ಕಿಂತ ಕಡಿಮೆ. ಮೊದಲು ಬೇರೆ ಬೇರೆ ಇದ್ದ ಎರಡು ಮುಖ್ಯ ಚಿಪ್ಪುಗಳನ್ನು ಕಂಪನಿಯವರು ಆಮೇಲೆ ಒಂದೇ ಚಿಪ್ಪಿನಲ್ಲಿ ಸೇರಿಸಿದರು. ಸಾಮಾನು ಕಡಿಮೆ, ಸ್ಕ್ರೂ ಕಡಿಮೆ, ಖರ್ಚು ಕಡಿಮೆ. ಹಾಗಾಗಿಯೇ 2000ದಲ್ಲಿ ಅಮೆರಿಕದಲ್ಲಿ 299 ಡಾಲರ್ ಇದ್ದ ಮೆಷಿನ್ 2009ಕ್ಕೆ 99 ಡಾಲರಿಗೆ ಬಂತು. ಮೂರರಲ್ಲಿ ಒಂದು ಪಾಲು!

ಹೀಗೆ ಬೆಲೆ ಇಳಿದಾಗ ಕೊಳ್ಳೋರೇ ಬೇರೆಯಾಗ್ತಾರೆ. ಮೊದಲ ವರ್ಷ ತಗೊಳ್ಳೋರು ಆಟದ ಹುಚ್ಚು ಇರೋರು. ಐದನೇ ವರ್ಷ, ಏಳನೇ ವರ್ಷ ತಗೊಳ್ಳೋರು ನಮ್ಮಂಥವರು. ನನ್ನ ಪಾರ್ಲರಿನಲ್ಲಿ ಆಡಿ ಬೆಳೆದ ಹುಡುಗರು ಮೊದಲ ಸಂಬಳದಲ್ಲಿ ಹೋಗಿ ಪಿಎಸ್2 ತಂದರು, ಪಿಎಸ್3 ಅಲ್ಲ. 16 ಕೋಟಿ ಅನ್ನೋ ಸಂಖ್ಯೆ ಬೆಳೆದಿದ್ದು ಹೀಗೆ, ಬಾಲದ ಕಡೆಯಿಂದ. ನಮ್ಮ ದೇಶದಲ್ಲಿ ಕಬಡ್ಡಿ, ಗಿಲ್ಲಿ ದಾಂಡು, ಗಾಳಿಪಟ ಇರೋ ದೇಸಿ ಅಡ್ಡಾ ಅನ್ನೋ ಗೇಮ್ ಪಿಎಸ್2ಗೆ ಬಂದಿದ್ದು 2009ರಲ್ಲಿ. ಆ ಹೊತ್ತಿಗೆ ಮೆಷಿನ್ನಿಗೆ ಒಂಬತ್ತು ವರ್ಷ!

ಇನ್ನೊಂದು ಕಾರಣವೂ ಇತ್ತು. ಪಿಎಸ್2 ಡಿವಿಡಿ ಪ್ಲೇಯರ್ ಕೂಡ ಆಗಿತ್ತು. ಅದು ಬಂದ ಕಾಲಕ್ಕೆ ಡಿವಿಡಿ ಪ್ಲೇಯರೇ ದುಬಾರಿ ಸಾಮಾನು. "ಸಿನಿಮಾನೂ ನೋಡಬಹುದು ಕಣಮ್ಮ" ಅಂತ ಹೇಳಿ ಮನೆಯಲ್ಲಿ ಒಪ್ಪಿಸಬಹುದಿತ್ತು. ಮೊದಲನೇ ಪ್ಲೇಸ್ಟೇಷನ್ನಿನ ಡಿಸ್ಕೂ ಅದರಲ್ಲೇ ಓಡುತ್ತಿತ್ತು. ಈಗ ಹೊಸ ಮೆಷಿನ್ನಿಗೆ ಹೀಗೆ ಎರಡನೇ ಕೆಲಸ ಯಾವುದಿದೆ ಹೇಳಿ? ಸಿನಿಮಾ, ಹಾಡು, ಆಟ, ಎಲ್ಲಾ ಫೋನಿನಲ್ಲಿದೆ. ನಾನು ಪಾರ್ಲರ್ ಮುಚ್ಚಿದ್ದೂ ಹುಡುಗರ ಕೈಗೆ ಫೋನ್ ಬಂದ ಮೇಲೆಯೇ.

ಪಿಎಸ್3 ನಮ್ಮಲ್ಲಿಗೆ 2007ರಲ್ಲಿ ಬಂತು, ಸುಮಾರು 40 ಸಾವಿರ. ಗಂಟೆಗೆ 20 ರೂಪಾಯಿಯಂತೆ ಆ ದುಡ್ಡು ಎತ್ತೋಕೆ 2000 ಗಂಟೆ ಬೇಕು. ಕ್ಯಾಲ್ಕುಲೇಟರ್ ಕೆಳಗಿಟ್ಟು ಸುಮ್ಮನಾದೆ. ನನ್ನೊಬ್ಬನ ಕಥೆ ಅಲ್ಲ ಇದು. ಅಮೆರಿಕದಲ್ಲೂ ಅದು 499 ಮತ್ತು 599 ಡಾಲರಿನಿಂದ ಶುರುವಾಯಿತು. ಹಳೇದು ಸುಮ್ಮನೆ ಪಕ್ಕಕ್ಕೆ ಸರಿದು ಕೂರಲೂ ಇಲ್ಲ. ಪಿಎಸ್3 ಬಂದು ನಾಲ್ಕು ತಿಂಗಳಾದ ಮೇಲೆ ಗಾಡ್ ಆಫ್ ವಾರ್ ಗೇಮಿನ ಎರಡನೇ ಭಾಗ ಬಂತಲ್ಲ, ಅದು ಬಂದಿದ್ದು ಪಿಎಸ್2ಗೆ. 2013ರಲ್ಲೂ ಫಿಫಾ ಫುಟ್‌ಬಾಲ್ ಗೇಮ್ ಪಿಎಸ್2ಗೆ ಬರುತ್ತಿತ್ತು. ಹೊಸ ಮೆಷಿನ್ ಮೊದಲು ಗೆಲ್ಲಬೇಕಾದದ್ದು ಎದುರು ಕಂಪನಿಯನ್ನಲ್ಲ, ಮನೆಯಲ್ಲಿ ಟಿವಿ ಕೆಳಗೆ ಆಗಲೇ ಕೂತಿರೋ ತನ್ನ ಅಣ್ಣನನ್ನು.

ಈಗ ಸ್ವಿಚ್ ವಿಷಯಕ್ಕೆ ಬರೋಣ. ಅದು 15 ಕೋಟಿ ಮುಟ್ಟಿದ್ದು ಹೇಗೆ ಅಂತ ನಮ್ಮ ಹುಡುಗ ಯೋಚನೆ ಮಾಡಿರಲಿಲ್ಲ. ಅದಕ್ಕೆ ಮುಂಚೆ ನಿಂಟೆಂಡೊದ್ದು ಯಾವಾಗಲೂ ಎರಡು ದಾರಿ. ಟಿವಿಗೆ ಒಂದು ಮೆಷಿನ್, ಕೈಯಲ್ಲಿ ಹಿಡಿಯೋಕೆ ಇನ್ನೊಂದು. ಸ್ವಿಚ್ ಆ ಎರಡನ್ನೂ ಒಂದು ಮಾಡಿತು. ಹಾಗಾಗಿ ಅದರ ಅಪ್ಪ ಬರೀ ವೀ ಯು ಅಲ್ಲ, ವೀ ಯು ಮತ್ತೆ 3ಡಿಎಸ್ ಇಬ್ಬರೂ. ಅವೆರಡನ್ನೂ ಕೂಡಿದರೆ ಸುಮಾರು 9 ಕೋಟಿ. ಎರಡು ನದಿ ಸೇರೋದು ಒಂದೇ ಸಲ. ಸ್ವಿಚ್ 2ಗೆ ಸೇರಿಕೊಳ್ಳೋಕೆ ಇನ್ನೊಂದು ನದಿ ಉಳಿದಿಲ್ಲ.

ಜೊತೆಗೆ ಕೊರೊನಾ. 2020ರ ಏಪ್ರಿಲ್‌ನಿಂದ 2021ರ ಮಾರ್ಚ್‌ವರೆಗಿನ ಒಂದೇ ವರ್ಷದಲ್ಲಿ 2 ಕೋಟಿ 88 ಲಕ್ಷ ಸ್ವಿಚ್ ಹೋಯಿತು. 2019ರಲ್ಲಿ 199 ಡಾಲರಿನ ಚಿಕ್ಕ ಲೈಟ್ ಮಾಡೆಲ್ ಬಂದಿತ್ತು. ದೊಡ್ಡವನಿಗೆ ಸ್ವಿಚ್, ಚಿಕ್ಕವಳಿಗೆ ಲೈಟ್. ಒಂದೊಂದು ಮನೆಗೆ ಎರಡು ಮೂರು ಹೋದವು.

ನನಗೆ ನಿಜವಾಗಿ ಬೇಜಾರಾಗೋದು ಬೆಲೆಯ ವಿಷಯದಲ್ಲಿ. ಹಿಂದೆ ಕಾಯ್ದರೆ ಇಳಿಯುತ್ತೆ ಅನ್ನೋ ನಂಬಿಕೆ ಇತ್ತು. ಅದರ ಮೇಲೇ ನಮ್ಮಂಥ ಊರುಗಳಿಗೆ ಈ ಆಟಗಳು ಬಂದಿದ್ದು. ಈಗ ಕಾಯ್ದರೆ ಏರುತ್ತೆ. ಪಿಎಸ್5 ನಮ್ಮಲ್ಲಿ 2021ರ ಫೆಬ್ರವರಿಯಲ್ಲಿ 49,990ಕ್ಕೆ ಬಂತು. ಮಾರನೇ ವರ್ಷವೇ 54,990 ಆಯಿತು. ಅಮೆರಿಕದಲ್ಲೂ ಐದನೇ ವರ್ಷಕ್ಕೆ 50 ಡಾಲರ್ ಏರಿತು. ಹಳೇ ಸ್ವಿಚ್ 299 ಡಾಲರಿಗೆ ಶುರುವಾದರೆ ಸ್ವಿಚ್ 2 ಶುರುವಾಗಿದ್ದೇ 449ಕ್ಕೆ. ಮೊದಲಿನ ಹಾಗೆ ಎರಡು ವರ್ಷಕ್ಕೊಮ್ಮೆ ಚಿಪ್ ಚಿಕ್ಕದಾಗಿ ಅಗ್ಗ ಆಗೋ ಕಾಲ ಹೋಯಿತು. ಅದರ ಮೇಲೆ ಎಐ ಕಂಪನಿಗಳು ಮೆಮರಿ ಚಿಪ್ಪುಗಳನ್ನು ಬಾಚಿಕೊಳ್ಳುತ್ತಿವೆ. 2025ರ ಕೊನೆಯಲ್ಲಿ ಲ್ಯಾಪ್‌ಟಾಪ್ ರ‍್ಯಾಮ್ ಕೇಳಿಕೊಂಡು ನನ್ನ ಅಂಗಡಿಗೆ ಬಂದವರು ರೇಟ್ ಕೇಳಿ ವಾಪಸ್ ಹೋದರು. ಆ ರ‍್ಯಾಮ್ ಗೇಮ್ ಮೆಷಿನ್ನಿಗೂ ಬೇಕಲ್ವಾ? ಬೆಲೆ ಇಳಿಯದಿದ್ದರೆ ಏಳನೇ ವರ್ಷದ ಗಿರಾಕಿ ಬರೋದೇ ಇಲ್ಲ. ಬಾಲವೇ ಇಲ್ಲದೆ 15 ಕೋಟಿ ಆಗೋದು ಹೇಗೆ?

ಮೇಷ್ಟ್ರ ಪಿಎಸ್4 ನೆನೆಸಿಕೊಳ್ಳಿ. ಅಂಥವರು ಕಡಿಮೆ ಇಲ್ಲ. ಪಿಎಸ್5 ಬಂದು ಮೂರೂವರೆ ವರ್ಷ ಆದ ಮೇಲೆ, 2024ರಲ್ಲಿ, ತಿಂಗಳು ತಿಂಗಳು ಆಡೋರಲ್ಲಿ ಸುಮಾರು ಅರ್ಧ ಜನ ಇನ್ನೂ ಪಿಎಸ್4ನಲ್ಲೇ ಇದ್ದಾರೆ ಅಂತ ಸೋನಿಯವರೇ ಹೇಳಿದ್ದರು. ಪಿಎಸ್5 ಕೆಟ್ಟ ಮೆಷಿನ್ ಅಂತಲ್ಲ, 8 ಕೋಟಿ ದಾಟಿದೆ, ನಾನು ಬಿಚ್ಚಿ ನೋಡಿದ್ದೇನೆ, ಒಳ್ಳೆ ಕೆಲಸ. ಆದರೆ ಹಳೇದರಲ್ಲಿ ಕಾಣೋ ಚಿತ್ರವೇ ಕಣ್ಣಿಗೆ ಸಾಕು ಅನ್ನಿಸಿದಾಗ ಹೊಸದಕ್ಕೆ ಅವಸರ ಎಲ್ಲಿಂದ ಬರುತ್ತೆ? ಮೊದಲನೇ ಪ್ಲೇಸ್ಟೇಷನ್ನಿನಲ್ಲಿ ಮನುಷ್ಯನ ಕೈ ಇಟ್ಟಿಗೆ ಥರ ಇರುತ್ತಿತ್ತು, ಪಿಎಸ್2ನಲ್ಲಿ ಬೆರಳು ಕಂಡವು. ಪಾರ್ಲರಿನ ಬಾಗಿಲಲ್ಲಿ ನಿಂತವನಿಗೂ ಆ ವ್ಯತ್ಯಾಸ ಗೊತ್ತಾಗುತ್ತಿತ್ತು. ಪಿಎಸ್4, ಪಿಎಸ್5 ಅಕ್ಕಪಕ್ಕ ಇಟ್ಟರೆ ಮೇಷ್ಟ್ರು ನನ್ನನ್ನೇ ಕೇಳಿದರು, "ಇದರಲ್ಲಿ ಯಾವುದಪ್ಪ ಹೊಸದು?"

ಇಷ್ಟನ್ನೂ ಅಕ್ಕನ ಮಗನಿಗೆ ಓದಿ ಹೇಳಿದೆ. ಪೂರ್ತಿ ಕೇಳಿದ. ಆಮೇಲೆ, "ಮಾವ, ಹಳೇ ಸ್ವಿಚ್ ಗೇಮೆಲ್ಲ ಹೆಚ್ಚುಕಮ್ಮಿ ಇದರಲ್ಲೂ ಓಡುತ್ತೆ. ವೀ ಯು ಥರ ಹೆಸರು ಕೇಳಿ ಯಾರೂ ಗೊಂದಲ ಮಾಡ್ಕೊಳ್ಳಲ್ಲ, ಮುಂದೆ 2 ಅಂತ ಸ್ಪಷ್ಟವಾಗಿ ಬರೆದಿದೆ. ಜನಕ್ಕೆ ನಂಬಿಕೆ ಇದೆ" ಅಂದ. ಆ ಮಾತು ಸರಿ. ಅದಕ್ಕೇ ಇದು ವೀ ಯು ಥರ ಬಿದ್ದುಹೋಗುತ್ತೆ ಅಂತ ನಾನು ಹೇಳಲ್ಲ. 9 ಕೋಟಿ, 10 ಕೋಟಿ ಮುಟ್ಟಬಹುದು. ಮುಟ್ಟಲಿ ಅಂತಲೇ ನನಗೆ ಆಸೆ. 15 ಮಾತ್ರ ಆಗಲ್ಲ.

ದೀಪಾವಳಿಗೆ ಅವನಿಗೆ ಸ್ವಿಚ್ 2 ಬಂತು. ನಿಂಟೆಂಡೊದವರು ನಮ್ಮ ದೇಶದಲ್ಲಿ ನೇರವಾಗಿ ಮಾರಲ್ಲ, ಗೆಳೆಯನ ಅಣ್ಣ ಸಿಂಗಾಪುರದಿಂದ ಬರುವಾಗ ತಂದುಕೊಟ್ಟ. ಹಳೇ ಸ್ವಿಚ್ಚನ್ನು ಮಾರಿಕೊಡಿ ಅಂತ ನನ್ನ ಅಂಗಡಿಗೆ ತಂದ. ಒರೆಸಿ, ಹೊಸ ಸ್ಕ್ರೀನ್ ಗಾರ್ಡ್ ಹಾಕಿ ಶೋಕೇಸಿನಲ್ಲಿ ಇಟ್ಟೆ. ಎರಡು ದಿನ ಆದಮೇಲೆ ಅಕ್ಕ ಫೋನ್ ಮಾಡಿದಳು. "ಅದನ್ನ ಮಾರಬೇಡ ಕಣೋ, ಚಿಕ್ಕವಳು ಅಳ್ತಾ ಇದಾಳೆ" ಅಂದಳು. ವಾಪಸ್ ಕಳಿಸಿದೆ.

ಮೊನ್ನೆ ಭಾನುವಾರ ಅಕ್ಕನ ಮನೆಗೆ ಹೋಗಿದ್ದೆ. ಹುಡುಗಿ ನಾಲ್ಕನೇ ಕ್ಲಾಸು. ಕಿಟಕಿ ಹತ್ತಿರ ಕಾಲು ಮಡಚಿಕೊಂಡು ಕೂತು ಆ ಹಳೇ ಸ್ವಿಚ್ಚಿನಲ್ಲಿ ಕಾರು ಓಡಿಸುತ್ತಿದ್ದಳು. ಅಣ್ಣನದು ಪಕ್ಕದಲ್ಲೇ ಚಾರ್ಜಿಗೆ ಇತ್ತು. "ನಿಂಗೂ ಹೊಸದು ಬೇಕೇನೇ?" ಅಂತ ಕೇಳಿದೆ.

ಅವಳು ತಲೆ ಎತ್ತಲಿಲ್ಲ. "ಯಾಕೆ ಮಾವ? ಇದು ಚೆನ್ನಾಗೇ ಓಡ್ತಾ ಇದೆಯಲ್ಲ" ಅಂದಳು.