ಲಿನಕ್ಸ್‌ಗೆ ಬಂದರೆ ನನ್ನ ಪ್ರೋಗ್ರಾಂಗಳೆಲ್ಲ ಓಡ್ತಾವಾ?

ವಿಂಡೋಸ್ ಬದಲು ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಬಳಸುತ್ತೇನೆ ಅಂತ ಗೊತ್ತಾದ ಕೂಡಲೇ ಜನ ಕೇಳುವುದು ಇದನ್ನೇ. ವೈರಸ್ ಬರುತ್ತದೋ ಇಲ್ಲವೋ, ಕಪ್ಪು ಪರದೆಯಲ್ಲಿ ಕಮಾಂಡ್ ಟೈಪ್ ಮಾಡಬೇಕೋ ಏನೋ ಎಂಬುದೆಲ್ಲ ಆಮೇಲಿನ ಮಾತು. ಅದು ಸಹಜವೇ. ಆಪರೇಟಿಂಗ್ ಸಿಸ್ಟಂ ಬಳಸಬೇಕೆಂಬ ಆಸೆಯಿಂದ ಯಾರೂ ಕಂಪ್ಯೂಟರ್ ಮುಂದೆ ಕೂರುವುದಿಲ್ಲ (ನನ್ನಂಥ ಕೆಲವರನ್ನು ಬಿಟ್ಟು). ಕೂರುವುದು ಪತ್ರ ಬರೆಯಲು, ಲೆಕ್ಕ ಹಾಕಲು, ಫೋಟೋ ತಿದ್ದಲು, ಆಟ ಆಡಲು.

"ಯಾವ ಪ್ರೋಗ್ರಾಂ?" ಎಂದು ನಾನು ತಿರುಗಿ ಕೇಳುತ್ತೇನೆ. "ಎಲ್ಲಾನೂ" ಅನ್ನುತ್ತಾರೆ. ಪಟ್ಟಿ ಮಾಡಿಸಿದರೆ ಹೆಸರುಗಳು ಬೆರಳೆಣಿಕೆ ದಾಟುವುದು ಅಪರೂಪ: ಒಂದು ಬ್ರೌಸರ್, ಪತ್ರಕ್ಕೂ ಲೆಕ್ಕಕ್ಕೂ ಒಂದು ಆಫೀಸ್ ಪ್ಯಾಕೇಜು, ವಿಡಿಯೋ ನೋಡಲು ಒಂದು, ಚಿತ್ರ ತಿದ್ದಲು ಒಂದು, ಜೊತೆಗೆ ಅವರ ಉದ್ಯೋಗಕ್ಕೇ ಮೀಸಲಾದ ಇನ್ನೊಂದು. ಮೊದಲಿನವಕ್ಕೆ ಉತ್ತರ ಸುಲಭ. ತಕರಾರೆಲ್ಲ ಆ ಕೊನೆಯದರದು. ಅದು ಲಿನಕ್ಸ್‌ನಲ್ಲಿ ಓಡುತ್ತದೋ ಇಲ್ಲವೋ ಎಂಬುದು ಲಿನಕ್ಸ್‌ಗಿಂತ ಹೆಚ್ಚಾಗಿ ಆ ಪ್ರೋಗ್ರಾಂ ಏನೇನನ್ನು ನೆಚ್ಚಿಕೊಂಡಿದೆ ಎಂಬುದರ ಮೇಲೆ ನಿಂತಿದೆ. ನನ್ನ ಉತ್ತರದ ತಿರುಳು ಇಷ್ಟೇ. ಉಳಿದದ್ದು ಅದರ ವಿವರ.

ಲ್ಯಾಪ್‌ಟಾಪ್ ಅದೇ, ಪ್ರೊಸೆಸರ್ ಅದೇ. ವಿಂಡೋಸ್‌ನಲ್ಲಿ ಓಡಿದ್ದಕ್ಕೆ ಇಲ್ಲೇನು ಅಡ್ಡಿ? ಪ್ರೊಸೆಸರ್‌ಗೆ ಹೋಗುವ ಸೂಚನೆಗಳೇನೋ ಎರಡೂ ಕಡೆ ಒಂದೇ. ಆದರೆ ಕಡತ ತೆರೆಯಲಿಕ್ಕೆ, ಪರದೆಯ ಮೇಲೆ ಕಿಟಕಿ ಮೂಡಿಸಲಿಕ್ಕೆ, ನೆಟ್‌ವರ್ಕ್ ಮುಟ್ಟಲಿಕ್ಕೆ ಪ್ರತಿ ಸಲವೂ ಪ್ರೋಗ್ರಾಂ ಸಿಸ್ಟಂ ಅನ್ನು ಕೇಳಲೇಬೇಕು. ವಿಂಡೋಸ್ ಪ್ರೋಗ್ರಾಂ ಒಂದು ಕಡತ ತೆರೆಯಬೇಕಾದರೆ ಕರ್ನಲ್32 ಎಂಬ ಡಿಎಲ್ಎಲ್ (ಪ್ರೋಗ್ರಾಂಗಳು ಹಂಚಿಕೊಂಡು ಬಳಸುವ ಸಿದ್ಧ ಸಂಕೇತದ ಕಡತ, ಅಂದರೆ ಲೈಬ್ರರಿ) ಒಳಗಿನ 'ಕ್ರಿಯೇಟ್‌ಫೈಲ್' ಅನ್ನು ಕರೆಯುತ್ತದೆ. ಲಿನಕ್ಸ್‌ನಲ್ಲಿ ಆ ಡಿಎಲ್ಎಲ್ ಇಲ್ಲ, ಆ ಹೆಸರಿನ ಸೇವೆಯೂ ಇಲ್ಲ. ಅದೇ ಕೆಲಸಕ್ಕೆ 'ಓಪನ್' ಎಂಬುದಿದೆ. ಮಾತು ಅಲ್ಲಿಯವರೆಗೆ ಬರುವುದೂ ಇಲ್ಲ ಅನ್ನಿ. ವಿಂಡೋಸ್‌ನ ಇಎಕ್ಸ್ಇ ಕಡತದ ಒಳಗಟ್ಟು ಪಿಇ ಮಾದರಿಯದು, ಲಿನಕ್ಸ್ ಗುರುತಿಸುವುದು ಇಎಲ್ಎಫ್ ಮಾದರಿಯನ್ನು. ಬಾಗಿಲಲ್ಲೇ ತಡೆ.

ಇದನ್ನು ಮೊದಲೇ ಯೋಚಿಸಿ ಹಲವು ಸಿಸ್ಟಂಗಳಲ್ಲಿ ಓಡುವಂತೆ ಬರೆದ ಪ್ರೋಗ್ರಾಂಗಳೇ ಕ್ರಾಸ್ ಪ್ಲಾಟ್‌ಫಾರ್ಮ್ ಪ್ರೋಗ್ರಾಂಗಳು. ದಾರಿಗಳು ಹಲವು. ಕ್ಯೂಟಿ ಅಥವಾ ಜಿಟಿಕೆಯಂಥ ಲೈಬ್ರರಿಯನ್ನು ನಡುವೆ ಇಟ್ಟುಕೊಂಡರೆ ಪ್ರೋಗ್ರಾಂ "ಒಂದು ಬಟನ್ ಕೊಡು" ಎಂದು ಅದನ್ನು ಕೇಳುತ್ತದೆ. ಆಯಾ ಸಿಸ್ಟಂಗೆ ತಕ್ಕ ಬಟನ್ ಮೂಡಿಸುವುದು ಲೈಬ್ರರಿಯ ಜವಾಬ್ದಾರಿ. ಪ್ರೋಗ್ರಾಮರ್ ಬರೆದ ಮೂಲ ಸಂಕೇತ ಒಂದೇ, ಆದರೆ ಪ್ರತಿ ಸಿಸ್ಟಂಗೂ ಬೇರೆ ಬೇರೆಯಾಗಿ ಕಂಪೈಲ್ ಮಾಡಬೇಕು, ಅಂದರೆ ಯಂತ್ರಕ್ಕೆ ತಿಳಿಯುವ ರೂಪಕ್ಕೆ ತರಬೇಕು. 1995ರಲ್ಲಿ ಸನ್ ಕಂಪನಿ ತಂದ ಜಾವಾ ಇನ್ನೊಂದು ದಾರಿ ಹಿಡಿಯಿತು: ಪ್ರೋಗ್ರಾಂ ಒಂದು ಕಾಲ್ಪನಿಕ ಯಂತ್ರಕ್ಕೆ ಕಂಪೈಲ್ ಆಗುತ್ತದೆ, ಆ ಯಂತ್ರವನ್ನು ಎಲ್ಲ ಸಿಸ್ಟಂಗಳಲ್ಲೂ ನಿಲ್ಲಿಸಿದರಾಯಿತು. ಒಮ್ಮೆ ಬರೆದರೆ ಎಲ್ಲೆಡೆ ಓಡುತ್ತದೆ ಎಂಬುದು ಅವರ ಘೋಷಣೆ. ಒಮ್ಮೆ ಬರೆದು ಎಲ್ಲೆಡೆ ದೋಷ ಹುಡುಕುವುದು ಎಂಬುದು ಪ್ರೋಗ್ರಾಮರುಗಳ ಗೇಲಿ. ಈಗ ಹೆಚ್ಚು ಕಾಣುವುದು ಎಲೆಕ್ಟ್ರಾನ್, ಅಂದರೆ ವೆಬ್ ಪುಟ ಮಾಡುವ ತಂತ್ರದಲ್ಲೇ ಆ್ಯಪ್ ಕಟ್ಟುವ ಚೌಕಟ್ಟು. ವಿಎಸ್ ಕೋಡ್, ಸ್ಲ್ಯಾಕ್ ಎಲ್ಲ ಅದರ ಮೇಲೆಯೇ ಕಟ್ಟಿದವು. ಪ್ರತಿ ಆ್ಯಪ್ ಕ್ರೋಮಿಯಂ ಬ್ರೌಸರನ್ನೇ ತನ್ನ ಹೊಟ್ಟೆಯಲ್ಲಿಟ್ಟುಕೊಂಡು ಬರುತ್ತದೆ. ನಾಲ್ಕು ಆ್ಯಪ್ ತೆರೆದರೆ ನಾಲ್ಕು ಬ್ರೌಸರ್ ತೆರೆದ ಹಾಗೆ, ರ‍್ಯಾಮ್ ಎಲ್ಲ ಅಲ್ಲೇ ಮುಗಿಯಿತು. ನನಗೆ ಇದು ಸ್ವಲ್ಪವೂ ಇಷ್ಟವಿಲ್ಲ. ಆದರೂ ಇದಿಲ್ಲದಿದ್ದರೆ ಎಷ್ಟೋ ಕಂಪನಿಗಳು ಲಿನಕ್ಸ್ ಕಡೆ ತಿರುಗಿಯೂ ನೋಡುತ್ತಿರಲಿಲ್ಲ ಎಂಬುದನ್ನು ಒಪ್ಪಬೇಕು.

ಓಪನ್ ಸೋರ್ಸ್ ಪ್ರೋಗ್ರಾಂಗಳು ಈ ವಿಷಯದಲ್ಲಿ ಯಾಕೆ ಮುಂದಿವೆ ಅಂದರೆ, ಲಿನಕ್ಸ್ ಆವೃತ್ತಿ ಬೇಕೆನಿಸಿದವರು ಕಂಪನಿಯ ಮುಂದೆ ಕೈಕಟ್ಟಿ ನಿಲ್ಲಬೇಕಾಗಿಲ್ಲ. ಮೂಲ ಸಂಕೇತ ಕೈಯಲ್ಲೇ ಇದೆ. ಕಂಪೈಲ್ ಮಾಡಿ, ಮುರಿದಲ್ಲಿ ರಿಪೇರಿ ಮಾಡಿ, ತಿದ್ದಿದ್ದನ್ನು ವಾಪಸ್ ಕಳಿಸಬಹುದು. ಬ್ಲೆಂಡರ್‌ನ ಕಥೆ ನೋಡಿ. ಆ ತ್ರೀಡಿ ತಂತ್ರಾಂಶವನ್ನು ಮಾರುತ್ತಿದ್ದ ಕಂಪನಿ 2002ರಲ್ಲಿ ಬಾಗಿಲು ಹಾಕಿತು. ಒಂದು ಲಕ್ಷ ಯೂರೋ ಕೊಟ್ಟರೆ ಮೂಲ ಸಂಕೇತ ಬಿಟ್ಟುಕೊಡುತ್ತೇವೆ ಎಂದು ಹೂಡಿಕೆದಾರರು ಒಪ್ಪಿದರು. ಬಳಕೆದಾರರು ಏಳು ವಾರಗಳಲ್ಲಿ ಹಣ ಕೂಡಿಸಿದರು. ಮುಚ್ಚಿದ ಕಂಪನಿಯ ಜೊತೆಗೇ ಹೋಗಬೇಕಿದ್ದ ಆ ತಂತ್ರಾಂಶ ಇವತ್ತು ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಇದೆ. ಪ್ಯಾರಿಸ್ಸಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳು 1996ರಲ್ಲಿ ಶುರುಮಾಡಿದ ವಿಎಲ್‌ಸಿ, ಓಪನ್‌ಆಫೀಸ್‌ನಿಂದ 2010ರಲ್ಲಿ ಕವಲೊಡೆದ ಲಿಬ್ರೆಆಫೀಸ್, ಫೈರ್‌ಫಾಕ್ಸ್, ಗಿಂಪ್, ಇಂಕ್‌ಸ್ಕೇಪ್, ಕ್ರಿಟಾ ಎಲ್ಲವೂ ಹಾಗೆಯೇ ಮೂರರಲ್ಲೂ ಓಡುತ್ತವೆ. ನಿಮ್ಮ ಪಟ್ಟಿಯ ಬಹುಪಾಲು ಇಲ್ಲಿಗೇ ಮುಗಿಯುತ್ತದೆ.

ಮೂಲ ಸಂಕೇತ ಕೊಡದ, ಲಿನಕ್ಸ್ ಆವೃತ್ತಿಯನ್ನೂ ಮಾಡದ ಪ್ರೋಗ್ರಾಂಗೆ ವೈನ್ ಇದೆ, ವಿಂಡೋಸ್ ಪ್ರೋಗ್ರಾಂಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ತಂತ್ರಾಂಶ. 1993ರಲ್ಲಿ ಶುರುವಾದ ಯೋಜನೆ ಇದು. ಮರುವರ್ಷದಿಂದ ಅಲೆಕ್ಸಾಂಡ್ರ್ ಜೂಲಿಯಾರ್ ಇದರ ಮುಂದಾಳು. 1.0 ಆವೃತ್ತಿ ಬಂದದ್ದು 2008ರಲ್ಲಿ, ಅಂದರೆ ಹದಿನೈದು ವರ್ಷದ ಮೇಲೆ! ಅಷ್ಟು ಹೊತ್ತು ಯಾಕೆ ಹಿಡಿಯಿತು ಎಂಬುದು ಅದರ ಕೆಲಸ ನೋಡಿದರೆ ತಿಳಿಯುತ್ತದೆ. ವೈನ್ ಒಳಗೆ ವಿಂಡೋಸ್ ಇಲ್ಲ. ವಿಂಡೋಸ್‌ನ ಡಿಎಲ್ಎಲ್‌ಗಳನ್ನು ಒಂದೊಂದಾಗಿ, ಹೊರಗಿನಿಂದ ಅವುಗಳ ನಡವಳಿಕೆ ನೋಡಿ, ಹೊಸದಾಗಿ ಬರೆದಿದ್ದಾರೆ. ಪ್ರೋಗ್ರಾಂ 'ಕ್ರಿಯೇಟ್‌ಫೈಲ್' ಅಂದರೆ ವೈನ್ ಅದನ್ನು ಕೇಳಿಸಿಕೊಂಡು ಲಿನಕ್ಸ್‌ನ 'ಓಪನ್' ಕರೆಯುತ್ತದೆ. ದಾಖಲೆಗಳಲ್ಲಿ ಬರೆದ ಹಾಗೆ ನಡೆದರೆ ಸಾಲದು, ನಿಜವಾದ ವಿಂಡೋಸ್ ಎಲ್ಲಿ ತಪ್ಪುತ್ತದೋ ಅಲ್ಲಿ ಇದೂ ಹಾಗೆಯೇ ತಪ್ಪಬೇಕು, ಯಾಕೆಂದರೆ ಆ ತಪ್ಪನ್ನೇ ನಂಬಿಕೊಂಡ ಪ್ರೋಗ್ರಾಂಗಳಿವೆ. ಸೋರಿಕೆಯಾದ ವಿಂಡೋಸ್ ಮೂಲ ಸಂಕೇತ ನೋಡಿದವರಿಗೆ ಇಲ್ಲಿ ಪ್ರವೇಶವಿಲ್ಲ. ಕಾನೂನಿನ ತೊಡಕು ಬೇಡವೆಂದು.

ಪ್ರೊಸೆಸರ್‌ಗೆ ಹೋಗುವ ಸೂಚನೆಗಳನ್ನು ವೈನ್ ಮುಟ್ಟುವುದಿಲ್ಲ, ಆದ್ದರಿಂದ ವೇಗ ಅಷ್ಟಾಗಿ ಕುಗ್ಗುವುದಿಲ್ಲ. ಕೆಲವೊಮ್ಮೆ ವಿಚಿತ್ರವೂ ನಡೆಯುತ್ತದೆ: ವಿಂಡೋಸ್ 3.1 ಕಾಲದ 16 ಬಿಟ್ ಪ್ರೋಗ್ರಾಂಗಳನ್ನು 64 ಬಿಟ್ ವಿಂಡೋಸ್ ಓಡಿಸುವುದಿಲ್ಲ, 64 ಬಿಟ್ ಲಿನಕ್ಸ್ ಮೇಲಿನ ವೈನ್ ಎಷ್ಟೋ ಸಲ ಓಡಿಸುತ್ತದೆ. ಹಳೆಯ ಸಣ್ಣಪುಟ್ಟ ಪ್ರೋಗ್ರಾಂ ಬಿಡಲಾರದವರಿಗೆ ನಾನು ಧೈರ್ಯವಾಗಿ ವೈನ್ ಹೇಳುತ್ತೇನೆ. ಸೆಟ್ಟಿಂಗ್‌ಗಳ ಜೊತೆ ಗುದ್ದಾಡಲು ಮನಸ್ಸಿಲ್ಲದಿದ್ದರೆ ವೈನ್ ಅನ್ನು ನಿಭಾಯಿಸಿಕೊಡುವ ಬಾಟಲ್ಸ್ ಎಂಬ ಪ್ರೋಗ್ರಾಂ ಹಾಕಿಕೊಳ್ಳಿ. ಒಂದೊಂದು ಪ್ರೋಗ್ರಾಂಗೂ ಬೇರೆ ಬೇರೆ ಸಿ ಡ್ರೈವ್ ಮಾಡಿ ಕೊಡುತ್ತದೆ, ಒಂದು ಕೆಟ್ಟರೆ ಇನ್ನೊಂದಕ್ಕೆ ಧಕ್ಕೆಯಿಲ್ಲ. ಒಂದು ಎಚ್ಚರಿಕೆ ಮಾತ್ರ: ವೈನ್ ತಾನಾಗಿ ನಿಮ್ಮ ಇಡೀ ಡಿಸ್ಕನ್ನು ಝಡ್ ಡ್ರೈವ್ ಎಂದು ತೋರಿಸುತ್ತದೆ. ಎಲ್ಲೋ ಸಿಕ್ಕ ಕಳ್ಳ ಇಎಕ್ಸ್ಇಯನ್ನು "ಲಿನಕ್ಸ್ ಅಲ್ವಾ, ಏನಾಗುತ್ತೆ" ಎಂದು ಓಡಿಸಿದರೆ ಅದು ನಿಮ್ಮ ಕಡತಗಳನ್ನು ಮುಟ್ಟಬಲ್ಲದು.

ಆಟಗಳ ವಿಷಯಕ್ಕೆ ಬಂದರೆ, ಹತ್ತು ವರ್ಷದ ಹಿಂದೆ ನನ್ನ ಉತ್ತರ "ಬೇಡ" ಎಂದೇ ಇರುತ್ತಿತ್ತು. 2018ರ ಆಗಸ್ಟ್‌ನಲ್ಲಿ ವಾಲ್ವ್ ಕಂಪನಿ ವೈನ್ ಮೇಲೆ ಕಟ್ಟಿದ ಪ್ರೋಟಾನ್ ಅನ್ನು ತನ್ನ ಆಟಗಳ ಅಂಗಡಿ ಸ್ಟೀಮ್ ಜೊತೆ ಸೇರಿಸಿತು. ವಿಂಡೋಸ್‌ನ ಡೈರೆಕ್ಟ್‌ಎಕ್ಸ್‌ನ ಗ್ರಾಫಿಕ್ಸ್ ಆದೇಶಗಳನ್ನು ಲಿನಕ್ಸ್‌ನಲ್ಲೂ ನಡೆಯುವ ವಲ್ಕನ್‌ಗೆ ಹೊರಳಿಸುವ ಡಿಎಕ್ಸ್‌ವಿಕೆ ಅದರಲ್ಲೇ ಇದೆ. 2022ರಲ್ಲಿ ಬಂದ ಸ್ಟೀಮ್ ಡೆಕ್ ಎಂಬ ಕೈಯಾಟದ ಯಂತ್ರ ಓಡುವುದೂ ಲಿನಕ್ಸ್ ಮೇಲೆಯೇ. ಕೊಂಡವರಲ್ಲಿ ಎಷ್ಟೋ ಜನಕ್ಕೆ ಅದು ಗೊತ್ತಿರಲಿಕ್ಕಿಲ್ಲ. ವಿಂಡೋಸ್ ಪ್ರೋಗ್ರಾಂಗಳು ಥ್ರೆಡ್‌ಗಳನ್ನು (ಒಟ್ಟಿಗೇ ನಡೆಯುವ ಕೆಲಸದ ಎಳೆಗಳನ್ನು) ಹೊಂದಿಸಿಕೊಳ್ಳುವ ರೀತಿಯನ್ನು ಅನುಸರಿಸುವ ಎನ್‌ಟಿಸಿಂಕ್ ಎಂಬ ಡ್ರೈವರ್ 2025ರಲ್ಲಿ 6.14ನೇ ಲಿನಕ್ಸ್ ಕರ್ನಲ್‌ನ, ಅಂದರೆ ಸಿಸ್ಟಂನ ಒಳತಿರುಳಿನ, ಭಾಗವೇ ಆಯಿತು. ಆಟಗಳಿಗಾಗಿ ಕರ್ನಲ್ಲೇ ಇಷ್ಟು ಬಾಗುತ್ತದೆ ಎಂದು ನಾನಂತೂ ನಿರೀಕ್ಷಿಸಿರಲಿಲ್ಲ.

ಓಡದೇ ಇರುವುದೇನು? ಸಿಸ್ಟಂನ ಆಳಕ್ಕೆ ಇಳಿಯುವಂಥವು. ಕಂಪನಿ ಕೊಟ್ಟ ವಿಂಡೋಸ್ ಡ್ರೈವರನ್ನು ವೈನ್ ಒಳಗೆ ಹಾಕಿ ಪ್ರಿಂಟರ್ ನಡೆಸಲಾಗದು. ಆ ಸಾಧನಕ್ಕೆ ಲಿನಕ್ಸ್‌ನದೇ ಡ್ರೈವರ್ ಬೇಕು. ವ್ಯಾಲರಂಟ್‌ನಂತೆ ಕರ್ನಲ್ ಒಳಗೆ ಕೂತು ಮೋಸ ಹಿಡಿಯುವ ಕಾವಲು ಪ್ರೋಗ್ರಾಂ ಬೇಡುವ ಆಟಗಳೂ ಓಡವು. ಯುಎಸ್‌ಬಿ ಬೀಗ ಚುಚ್ಚಿದರೆ ಮಾತ್ರ ತೆರೆಯುವ ತಂತ್ರಾಂಶಗಳು ಸಾಮಾನ್ಯವಾಗಿ ತಲೆನೋವು. ಹೊಸ ಅಡೋಬಿ ಪ್ಯಾಕೇಜು, ಹೊಸ ಮೈಕ್ರೋಸಾಫ್ಟ್ ಆಫೀಸ್ ಎರಡನ್ನೂ ನೆಚ್ಚಿಕೊಂಡು ಕೂರಬೇಡಿ. ಇವೇ ನಿಮ್ಮ ಹೊಟ್ಟೆಪಾಡಾದರೆ ವರ್ಚುವಲ್ ಯಂತ್ರದಲ್ಲಿ (ಕಂಪ್ಯೂಟರ್ ಒಳಗೇ ತಂತ್ರಾಂಶದಿಂದ ಮಾಡಿದ ಇನ್ನೊಂದು ಕಂಪ್ಯೂಟರ್‌ನಲ್ಲಿ) ವಿಂಡೋಸ್ ಇಟ್ಟುಕೊಳ್ಳಿ. 2007ರಿಂದ ಲಿನಕ್ಸ್ ಕರ್ನಲ್‌ನಲ್ಲೇ ಅದಕ್ಕೆಂದು ಕೆವಿಎಂ ಇದೆ, ವರ್ಚುವಲ್‌ಬಾಕ್ಸ್ ಇನ್ನೂ ಸುಲಭ. ಅಥವಾ ವಿಂಡೋಸ್‌ನಲ್ಲೇ ಇರಿ. ಲಿನಕ್ಸ್‌ಗೆ ಬರಲೇಬೇಕು ಎಂಬ ಹರಕೆಯೇನೂ ಇಲ್ಲವಲ್ಲ.

ಪ್ರೋಗ್ರಾಂ ಓಡಿದರೂ ಕಡತ ಕೈಕೊಡುವುದುಂಟು. ವರ್ಡ್‌ನಲ್ಲಿ ಮಾಡಿದ ದಾಖಲೆ ಲಿಬ್ರೆಆಫೀಸ್‌ನಲ್ಲಿ ತೆರೆದಾಗ ಸಾಲುಗಳು ಜಾರಿ ಪುಟ ಹೆಚ್ಚಾಯಿತು ಎಂಬ ದೂರು ಬಂದರೆ ನಾನು ಮೊದಲು ನೋಡುವುದು ಫಾಂಟನ್ನು. ಕ್ಯಾಲಿಬ್ರಿ ಲಿನಕ್ಸ್ ಜೊತೆ ಬರುವುದಿಲ್ಲ. ಅದರ ಜಾಗದಲ್ಲಿ ಅಕ್ಷರದ ಅಗಲ ಬೇರೆ ಇರುವ ಫಾಂಟ್ ಬಂದು ಕೂತರೆ ಸಾಲು ಒಡೆಯುವ ಜಾಗವೇ ಬದಲಾಗುತ್ತದೆ. ಕಾರ್ಲಿಟೊ ಎಂಬ ಮುಕ್ತ ಫಾಂಟನ್ನು ಅದೇ ಅಗಲಕ್ಕೆ ಅಳೆದು ಮಾಡಿದ್ದಾರೆ. ಏರಿಯಲ್, ಟೈಮ್ಸ್ ನ್ಯೂ ರೋಮನ್‌ಗಳಿಗೆ ಲಿಬರೇಶನ್ ಫಾಂಟುಗಳಿವೆ. ಹಾಕಿಕೊಂಡರೆ ಅರ್ಧ ದೂರು ಅಲ್ಲೇ ತೀರುತ್ತದೆ. ಉಳಿದರ್ಧ ದಾಖಲೆಯೊಳಗೆ ಬರೆದಿಟ್ಟ ಸಣ್ಣ ಪ್ರೋಗ್ರಾಂಗಳಾದ ಮ್ಯಾಕ್ರೋಗಳದು, ಅದಕ್ಕೆ ನನ್ನಲ್ಲಿ ಔಷಧಿಯಿಲ್ಲ.

ಲಿನಕ್ಸ್‌ನವರೂ ಸಾಚಾಗಳಲ್ಲ. ಬಳಕೆದಾರರ ಪ್ರೋಗ್ರಾಂ ಮುರಿಯುವ ಬದಲಾವಣೆ ಕರ್ನಲ್‌ನಲ್ಲಿ ಕೂಡದು ಎಂದು ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೋರ್ವಾಲ್ಡ್ಸ್ ಪಟ್ಟು ಹಿಡಿದಿದ್ದಾರೆ, ನಿಜ. ಆದರೆ ಕರ್ನಲ್ ಮೇಲಿನ ಲೈಬ್ರರಿಗಳಿಗೆ ಆ ಶಿಸ್ತಿಲ್ಲ. ಹೊಸ ಡಿಸ್ಟ್ರೋದಲ್ಲಿ (ಉಬುಂಟು, ಫೆಡೋರಾದಂಥ ಲಿನಕ್ಸ್ ಬಗೆಯಲ್ಲಿ) ಕಂಪೈಲ್ ಮಾಡಿದ್ದು ಹಳೆಯದರಲ್ಲಿ "ಜಿಲಿಬ್‌ಸಿ ಆವೃತ್ತಿ ಸಿಗಲಿಲ್ಲ" ಎಂದು ಕೈಯೆತ್ತುತ್ತದೆ, ಜಿಲಿಬ್‌ಸಿ ಅಂದರೆ ಲಿನಕ್ಸ್‌ನ ಮೂಲ ಲೈಬ್ರರಿ. ಹಳೆಯ ಪ್ರೋಗ್ರಾಂ ನೆಚ್ಚಿಕೊಂಡ ಲೈಬ್ರರಿ ಹೊಸ ಡಿಸ್ಟ್ರೋದಲ್ಲಿ ಇಲ್ಲವಾಗುವುದೂ ಉಂಟು. ಹಾಗಾಗಿ ಕೆಲವು ಆಟಗಳ ಹಳೆಯ ಲಿನಕ್ಸ್ ಆವೃತ್ತಿ ಈಗ ತೆರೆಯುವುದೇ ಇಲ್ಲ, ಅದೇ ಆಟದ ವಿಂಡೋಸ್ ಆವೃತ್ತಿ ಪ್ರೋಟಾನ್ ಮೇಲೆ ಸಲೀಸಾಗಿ ಓಡುತ್ತದೆ. ಲಿನಕ್ಸ್‌ನಲ್ಲಿ ಸ್ಥಿರವಾಗಿರುವುದು ವಿಂಡೋಸ್‌ನ ಎಪಿಐ (ಪ್ರೋಗ್ರಾಂಗಳು ಸಿಸ್ಟಂ ಅನ್ನು ಕೇಳುವ ಕರೆಗಳು) ಒಂದೇ ಎಂಬ ಕುಹಕ ಹುಟ್ಟಿದ್ದೇ ಇದರಿಂದ. ಈ ರೋಗಕ್ಕೆ ಮದ್ದಾಗಿ ಬಂದವು ಫ್ಲ್ಯಾಟ್‌ಪ್ಯಾಕ್, ಸ್ನ್ಯಾಪ್, ಆ್ಯಪ್‌ಇಮೇಜ್ ಎಂಬ ಪ್ರೋಗ್ರಾಂ ಪ್ಯಾಕೇಜು ಮಾದರಿಗಳು. ಮೂರಕ್ಕೂ ಬೇಕಾದ್ದನ್ನು ಜೊತೆಗೇ ಹೊತ್ತು ತರುವ ಅಭ್ಯಾಸ, ಡಿಸ್ಕ್ ಜಾಗ ಹೆಚ್ಚು ತಿನ್ನುತ್ತವೆ. ಹೊಸಬರಿಗೆ ನಾನು ಹೇಳುವುದು ಫ್ಲ್ಯಾಟ್‌ಪ್ಯಾಕ್, ಯಾಕೆಂದರೆ ಅದರ ಅಂಗಡಿಯಾದ ಫ್ಲ್ಯಾಟ್‌ಹಬ್‌ನಲ್ಲಿ ಹುಡುಕಿದರೆ ಬಹುತೇಕ ಎಲ್ಲವೂ ಸಿಗುತ್ತದೆ, ಡಿಸ್ಟ್ರೋ ಬದಲಾದರೂ ಕ್ರಮ ಬದಲಾಗುವುದಿಲ್ಲ.

ಇಷ್ಟೆಲ್ಲ ಕೇಳಿದ ಮೇಲೆ "ಸರಿ, ಎಲ್ಲಿಂದ ಶುರು ಮಾಡಲಿ?" ಅನ್ನುತ್ತಾರೆ. ವಿಂಡೋಸ್ ಅಳಿಸುವುದರಿಂದ ಅಂತೂ ಅಲ್ಲ. ಈಗಿರುವ ವಿಂಡೋಸ್‌ನಲ್ಲೇ ಲಿಬ್ರೆಆಫೀಸ್, ಫೈರ್‌ಫಾಕ್ಸ್, ವಿಎಲ್‌ಸಿ, ಗಿಂಪ್ ಹಾಕಿಕೊಂಡು ಕೆಲವು ತಿಂಗಳು ನಿಮ್ಮ ನಿಜವಾದ ಕೆಲಸವನ್ನು ಅವುಗಳಲ್ಲೇ ಮಾಡಿ. ಮೆನು ಎಲ್ಲಿದೆ ಎಂದು ಹುಡುಕುವ ಸಿಟ್ಟು, ಕಡತ ಹೊಂದದ ಕಿರಿಕಿರಿ ಎಲ್ಲ ಆಗಲೇ ಕಳೆದುಹೋಗಲಿ. ಸಾಲದಾದರೆ ಹಳೆಯ ಪ್ರೋಗ್ರಾಂ ಪಕ್ಕದಲ್ಲೇ ಇರುತ್ತದೆ. ಆಮೇಲೆ ಪೆನ್‌ಡ್ರೈವ್‌ನಿಂದಲೇ ಲಿನಕ್ಸ್ ಬೂಟ್ ಮಾಡಿ ವೈಫೈ, ಧ್ವನಿ, ಪ್ರಿಂಟರ್ ನೋಡಿಕೊಳ್ಳಿ. ಕೊನೆಗೆ ಇನ್‌ಸ್ಟಾಲ್. ಪ್ರೋಗ್ರಾಂ ಮತ್ತು ಸಿಸ್ಟಂ ಎರಡನ್ನೂ ಒಂದೇ ದಿನ ಬದಲಾಯಿಸಿದವರು ಕಷ್ಟ ಎಲ್ಲಿಂದ ಬಂತು ಎಂದು ತಿಳಿಯದೆ ಎಲ್ಲಕ್ಕೂ ಲಿನಕ್ಸನ್ನೇ ಬೈಯುತ್ತಾರೆ.

ಮ್ಯಾಕ್ ಪ್ರೋಗ್ರಾಂಗಳನ್ನು ಲಿನಕ್ಸ್‌ನಲ್ಲಿ ಓಡಿಸಬಹುದಾ ಎಂದು ಕೇಳುವವರೂ ಇದ್ದಾರೆ. ಡಾರ್ಲಿಂಗ್ ಎಂಬ ಓಪನ್ ಸೋರ್ಸ್ ಯೋಜನೆ ಇದೆ. ಕಮಾಂಡ್ ಲೈನ್ ಪ್ರೋಗ್ರಾಂಗಳವರೆಗೆ ಅದು ಪರವಾಗಿಲ್ಲ. ಕಿಟಕಿ, ಬಟನ್ ಇರುವ ಆ್ಯಪ್‌ಗಳಿಗೆ ಸದ್ಯಕ್ಕೆ ನಾನು ಇಲ್ಲ ಎಂದೇ ಹೇಳುತ್ತೇನೆ.