ಒತ್ತುವ ಮೊದಲೇ ಉರಿದ ದೀಪಗಳು

ಹೊಸದಾಗಿ ಸೇರುವ ಡಿಪ್ಲೊಮಾ ಹುಡುಗರಿಗೆ ಬೆಸುಗೆ ಕಲಿಸೋಕೆ ಒಂದು ಸಣ್ಣ ಸರ್ಕ್ಯೂಟ್ ಬೋರ್ಡ್ ಮಾಡಿಕೊಡಿ ಅಂದರು. ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ನನ್ನ ಕೆಲಸ. ಹನ್ನೊಂದು ವರ್ಷದಿಂದ ಆರು ಪದರದ ಬೋರ್ಡ್ ಮಾಡಿದವನಿಗೆ ನಾಲ್ಕು ಸ್ವಿಚ್ಚು, ನಾಲ್ಕು ಎಲ್‌ಇಡಿ ಯಾವ ಲೆಕ್ಕ? ಊಟವಾದ ಮೇಲೆ ಕೂತು ಕಾಫಿ ಹೊತ್ತಿಗೆ ಮುಗಿಸಿಬಿಟ್ಟೆ.

5 ವೋಲ್ಟ್ ಸಪ್ಲೈ. ಕೆಂಪು ಎಲ್‌ಇಡಿ ಸುಮಾರು 2 ವೋಲ್ಟ್ ತಿನ್ನುತ್ತೆ, ಉಳಿದ 3 ವೋಲ್ಟಿಗೆ 330 ಓಮ್ ರೆಸಿಸ್ಟರ್ ಇಟ್ಟರೆ 9 ಮಿಲಿ ಆಂಪಿಯರ್. ಬೆಳಕಿಗೆ ಧಾರಾಳ. ಬೋರ್ಡಿನ ಚಿತ್ರ ಬಿಡಿಸುವ ಸಾಫ್ಟ್‌ವೇರ್ ಕಿಕ್ಯಾಡ್‌ನಲ್ಲಿ ಚೆಕ್ ಮಾಡಿದೆ, ಒಂದೂ ತಪ್ಪಿಲ್ಲ. 25 ಬೋರ್ಡಿಗೆ ಆರ್ಡರ್ ಹೋಯಿತು.

ಮಂಡ್ಯದಿಂದ ದಿನಾ ರೈಲಲ್ಲಿ ಬರುವ ಹುಡುಗಿ ಎಲ್ಲರಿಗಿಂತ ಮೊದಲು ಬೆಸುಗೆ ಮುಗಿಸಿ ಪವರ್ ಕೊಟ್ಟಳು. "ಸಾ, ಒತ್ತೋಕ್ ಮುಂಚೇನೇ ನಾಲ್ಕೂ ಉರೀತಾವೆ. ಭಾನ್ವಾರದ ಅರಮನೆ ಆಗೋಯ್ತು!"

ನಾನು ನೋಡಿದ್ದು ಅವಳ ಬೆಸುಗೆಯನ್ನು. ಎಲ್ಲೋ ಶಾರ್ಟ್ ಮಾಡಿದ್ದಾಳೆ ಅಂತಲೇ ನನ್ನ ನಂಬಿಕೆ. ಅವಳು ಡಬ್ಬಿಯಿಂದ ಹೊಸ ಸ್ವಿಚ್ಚೊಂದನ್ನು ತೆಗೆದು ಮಲ್ಟಿಮೀಟರ್ ಹಿಡಿದಳು. ಎದುರುಬದುರು ಕಾಲಿಗೆ ಮುಟ್ಟಿಸಿದರೆ ಒತ್ತದೆಯೇ ಬೀಪ್, ಅಂದರೆ ಎರಡೂ ಸೇರಿಕೊಂಡಿವೆ. ಒಂದೇ ಪಕ್ಕದ ಎರಡು ಕಾಲಿಗೆ ಮುಟ್ಟಿಸಿದರೆ, ಒತ್ತಿದಾಗ ಮಾತ್ರ ಬೀಪ್.

ಈ 6 ಮಿಲಿಮೀಟರ್ ಪುಶ್ ಸ್ವಿಚ್ಚಿಗೆ ಕಾಲು ನಾಲ್ಕಾದರೂ ಕೆಲಸಕ್ಕೆ ಎರಡೇ. ಎದುರುಬದುರು ಕಾಲುಗಳು ಒಳಗೇ ಸೇರಿಕೊಂಡಿರುತ್ತವೆ. ನಾನು ಸರಿಯಾಗಿ ಆ ಎರಡಕ್ಕೇ ಟ್ರ್ಯಾಕ್, ಅಂದರೆ ತಾಮ್ರದ ಗೆರೆ, ಎಳೆದಿದ್ದೆ. ಸಾಫ್ಟ್‌ವೇರ್‌ಗೆ ಗೊತ್ತಿರೋದು ನನ್ನ ಚಿತ್ರವಷ್ಟೇ. ಸರ್ಕ್ಯೂಟಿನ ಚಿತ್ರಕ್ಕೂ ಬೋರ್ಡಿನ ಚಿತ್ರಕ್ಕೂ ತಾಳೆ ನೋಡಿ ಸರಿ ಅಂದಿತ್ತು. ಸ್ವಿಚ್ಚು ನನ್ನ ಟೇಬಲ್ ಮೇಲೇ ಬಿದ್ದಿತ್ತು, ಮೀಟರೂ ಇತ್ತು. ಅರ್ಧ ನಿಮಿಷದ ಕೆಲಸ. ಮೂಲೆಯಿಂದ ಮೂಲೆಗೆ ಕಾಲು ಹಿಡಿದಿದ್ದರೆ ಯೋಚನೆಯೇ ಬೇಕಿರಲಿಲ್ಲ, ಹೇಗೆ ತಿರುಗಿಸಿದರೂ ಅವೆರಡು ಒಳಗೆ ಸೇರಿಕೊಂಡ ಜೋಡಿ ಆಗಲ್ಲ.

ರಿಪೇರಿ ಏನೋ ಸುಲಭ: ಎಲ್‌ಇಡಿ ಕಡೆಯ ಕಾಲು ಕತ್ತರಿಸಿ, ಅದೇ ಪಕ್ಕದ ಇನ್ನೊಂದು ಕಾಲಿನಿಂದ, ಕತ್ತರಿಸಿದ ಕಾಲು ಕೂತಿದ್ದ ಬೆಸುಗೆ ಜಾಗಕ್ಕೆ (ಪ್ಯಾಡಿಗೆ) ಒಂದು ತುಂಡು ತಂತಿ. ಬೋರ್ಡಿಗೆ ನಾಲ್ಕು. 23 ಬೋರ್ಡಿಗೆ 92 ತಂತಿ ನಾನೇ ಕೂತು ಹಾಕಿದೆ, ಹುಡುಗರಿಗೆ ಹೇಳೋಕೆ ಮುಖ ಬರಲಿಲ್ಲ. ಉಳಿದ ಎರಡನ್ನು ಹಾಗೇ ಇಟ್ಟಿದ್ದೇನೆ. ಮುಂದಿನ ಬ್ಯಾಚ್ ಬಂದಾಗ ಬೋರ್ಡೂ ಮೀಟರೂ ಕೈಗೆ ಕೊಟ್ಟು, ತಪ್ಪು ಎಲ್ಲಿದೆ ಹುಡುಕಿ ಅನ್ನಬೇಕು. ಯಾರು ಮಾಡಿದ್ದು ಅಂತ ಅವಳು ಹೇಗೂ ಹೇಳಿರ್ತಾಳೆ.